ನಿತ್ಯ ವಿಜ್ಞಾನ: ಬೂದಿಗೊಂದು ಚಿಟಿಕೆ ಗಂಧಕ



ರಾಯಚೂರು, ಧಾರವಾಡದ ಕಡೆಯಿಂದ ಬಂದು ಇಲ್ಲಿ ನೆಲೆಸಿದವರಿಗೆ ಇದು ನೆನಪಿರಬಹುದು. ಚಳಿಗಾಲದ ಒಣಹವೆಯಲ್ಲಿ, ಕತ್ತಲ ಕೋಣೆಯಲ್ಲಿ ನೈಲಾನ್ ಸೀರೆ ಬಿಚ್ಚಿದರೆ ಚಟಪಟ ಸದ್ದು, ಸಣ್ಣ ಸಣ್ಣ ಕಿಡಿ. ಅದೇ ಸೀರೆ ಗಾಜುವಾಕದಲ್ಲಿ ತೆಪ್ಪಗಿರುತ್ತದೆ. ಸಮುದ್ರದ ಗಾಳಿಯ ತೇವ ಬಟ್ಟೆಯ ಮೇಲೆ ಕಾಣದ ಪದರವಾಗಿ ಕೂರುತ್ತದೆ. ಜಮೆಯಾಗಬೇಕಾದ ವಿದ್ಯುತ್ತು ಅದರ ಮೂಲಕ ಹರಿದುಹೋಗುತ್ತದೆ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಮಹಡಿಯ ಮೇಲೆ ಒಣಹಾಕಿದ ಬಟ್ಟೆಗೆ ಕೂರುವ ಪುಡಿಯನ್ನೆಲ್ಲ ನಾವು 'ಪವರ್ ಪ್ಲಾಂಟಿನ ಬೂದಿ' ಎಂದುಬಿಡುತ್ತೇವೆ. ಒಮ್ಮೆ ಬೆರಳಿಗೆ ಹಚ್ಚಿ ನೋಡಿ. ಕಪ್ಪಗಿದ್ದರೆ ಅದು ಸುಡದ ಕಲ್ಲಿದ್ದಲ ಪುಡಿಯೋ ವಾಹನಗಳ ಮಸಿಯೋ ಆಗಿರುವ ಸಂಭವವೇ ಹೆಚ್ಚು. ಹಾರುಬೂದಿ ನಸುಬೂದು ಬಣ್ಣದ್ದು, ಟಾಲ್ಕಂ ಪೌಡರಿನಷ್ಟು ನಯ. ಅದರಲ್ಲೂ ಶ್ವಾಸಕೋಶದ ಆಳಕ್ಕೆ ಇಳಿಯುವ ಅತಿ ಸಣ್ಣ ಕಣಗಳು ಬಟ್ಟೆಯ ಮೇಲೆ ಗುರುತನ್ನೇ ಬಿಡುವುದಿಲ್ಲ.

ಪರವಾಡದ ಸಿಂಹಾದ್ರಿ ಕೇಂದ್ರದಲ್ಲಿ 500 ಮೆಗಾವ್ಯಾಟಿನ ನಾಲ್ಕು ಘಟಕಗಳಿವೆ. ಅಂಥ ಒಂದು ಘಟಕ ಪೂರ್ತಿ ನಡೆದರೆ ಗಂಟೆಗೆ ಮುನ್ನೂರು ಟನ್ನಿಗೂ ಮಿಕ್ಕಿ ಕಲ್ಲಿದ್ದಲು ಬೇಕು. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚು ಬರೀ ಬೂದಿಯೇ ಇರುವುದುಂಟು. ಹೊಗೆಯ ಜೊತೆ ಹೊರಡುವ ಬೂದಿ ಗಂಟೆಗೆ ಸುಮಾರು ನೂರು ಟನ್ ಎಂದಿಟ್ಟುಕೊಳ್ಳಿ. ನೂರಕ್ಕೆ ತೊಂಬತ್ತೊಂಬತ್ತು ಭಾಗ ಹಿಡಿದರೂ ಗಂಟೆಗೊಂದು ಟನ್ ಆಕಾಶಕ್ಕೆ! ಪರೀಕ್ಷೆಯಲ್ಲಿ ಮಗ 99 ಅಂಕ ತಂದರೆ ಪೇಡೆ ಹಂಚುತ್ತೇವೆ. ಇಲ್ಲಿ ಅಷ್ಟು ಸಾಲದು, 99.9 ಬೇಕು.

ಈ ಕೆಲಸ ಮಾಡುವ ಯಂತ್ರಕ್ಕೆ ಇಎಸ್‌ಪಿ, ಅಂದರೆ ಎಲೆಕ್ಟ್ರೋಸ್ಟಾಟಿಕ್ ಪ್ರೆಸಿಪಿಟೇಟರ್ ಎಂದು ಹೆಸರು. 1907ರ ಸುಮಾರಿಗೆ ಕ್ಯಾಲಿಫೋರ್ನಿಯಾದ ಫ್ರೆಡರಿಕ್ ಕಾಟ್ರೆಲ್ ಇದನ್ನು ಕಾರ್ಖಾನೆಯ ಬಳಕೆಗೆ ತಂದರು. ಬಾಯ್ಲರಿಗೂ ಚಿಮಣಿಗೂ ನಡುವೆ ಒಂದು ದೊಡ್ಡ ಪೆಟ್ಟಿಗೆ. ಒಳಗೆ ಸಾಲುಸಾಲು ಲೋಹದ ಫಲಕಗಳು, ನಡುವೆ ಹತ್ತಾರು ಸಾವಿರ ವೋಲ್ಟಿನ ತಂತಿಗಳು. ಬೂದಿಯ ಕಣಕ್ಕೆ ವಿದ್ಯುದಂಶ ತಗುಲಿ ಅದು ಫಲಕಕ್ಕೆ ಅಂಟುತ್ತದೆ. ಆಗಾಗ ಸುತ್ತಿಗೆಯಿಂದ ಫಲಕವನ್ನು ಕುಟ್ಟಿದರೆ ಬೂದಿ ಕೆಳಗಿನ ಹಾಪರಿಗೆ ಉದುರುತ್ತದೆ.

ತೊಡಕು ಬರುವುದು ಅಂಟಿದ ಮೇಲೆ. ಕಣ ತಾನು ತಂದ ವಿದ್ಯುದಂಶವನ್ನು ಫಲಕಕ್ಕೆ ಬಿಟ್ಟುಕೊಡಬೇಕು. ನಮ್ಮ ಬೂದಿಯಲ್ಲಿ ಸಿಲಿಕಾ, ಅಲ್ಯೂಮಿನಾ ಹೆಚ್ಚು, ವಿದ್ಯುತ್ತನ್ನು ಅಷ್ಟಾಗಿ ಹರಿಯಗೊಡುವುದಿಲ್ಲ. ಬೂದಿಯ ಪದರದಲ್ಲಿ ವಿದ್ಯುತ್ತು ಜಮೆಯಾಗುತ್ತಾ ಹೋಗಿ ಕೊನೆಗೆ ಪದರದೊಳಗೇ ಚಟಪಟ ಶುರುವಾಗುತ್ತದೆ, ಚಳಿಗಾಲದ ನೈಲಾನ್ ಸೀರೆಯ ಹಾಗೆ. ಹಿಡಿದ ಬೂದಿ ಮತ್ತೆ ಹೊಗೆಗೆ ಸೇರುತ್ತದೆ.

ಗಂಧಕ ಹೆಚ್ಚಿರುವ ಕಲ್ಲಿದ್ದಲಿಗೆ ಈ ಕಾಟ ಕಡಿಮೆ. ಗಂಧಕ ಉರಿದಾಗ ಒಂದಿಷ್ಟು ಸಲ್ಫರ್ ಟ್ರೈಆಕ್ಸೈಡ್ ಹುಟ್ಟಿ, ಹೊಗೆಯ ನೀರಾವಿಯೊಡನೆ ಗಂಧಕಾಮ್ಲವಾಗಿ ಬೂದಿಯ ಮೈಗೆ ತೆಳುವಾಗಿ ಸವರುತ್ತದೆ. ನಮ್ಮ ಸಮುದ್ರದ ಗಾಳಿ ಸೀರೆಗೆ ಮಾಡುವ ಉಪಕಾರವನ್ನೇ ಅದು ಬೂದಿಗೆ ಮಾಡುತ್ತದೆ. ಭಾರತದ ಕಲ್ಲಿದ್ದಲಿನಲ್ಲಿ ಗಂಧಕ ಸಾಮಾನ್ಯವಾಗಿ ಶೇಕಡಾ ಅರ್ಧದ ಆಸುಪಾಸು. ಈ ಗುಣವನ್ನು ಮುಂದಿಟ್ಟುಕೊಂಡೇ 2025ರ ಜುಲೈನಲ್ಲಿ ಕೇಂದ್ರ ಸರಕಾರ ಬಹುಪಾಲು ಕೇಂದ್ರಗಳಿಗೆ ಗಂಧಕದ ಹೊಗೆ ತೊಳೆಯುವ ಯಂತ್ರದಿಂದ ವಿನಾಯಿತಿ ಕೊಟ್ಟಿತು. ಚಿಮಣಿಯ ತುದಿಯಲ್ಲಿ ಗುಣವಾದದ್ದು ಇಎಸ್‌ಪಿಯ ಒಳಗೆ ದೋಷ. ಈ ಎರಡನೆಯ ಮಾತನ್ನು ಹೇಳುವವರು ಕಡಿಮೆ.

ಕೊರತೆ ತುಂಬಲು ಹೊಗೆಗೆ ಹೊರಗಿನಿಂದ 'ಒಗ್ಗರಣೆ' ಕೊಡುವುದುಂಟು. ಬೇರೆಯಾಗಿ ಗಂಧಕ ಉರಿಸಿ, ವನೇಡಿಯಂ ವೇಗವರ್ಧಕದ ಮೇಲೆ ಹಾಯಿಸಿ, ಬಂದ ಅನಿಲವನ್ನು ಇಎಸ್‌ಪಿಯ ಮುಂದೆ ಸೇರಿಸುತ್ತಾರೆ. ಹತ್ತು ಲಕ್ಷ ಭಾಗ ಹೊಗೆಗೆ ಹತ್ತಿಪ್ಪತ್ತು ಭಾಗ, ಸಾರಿಗೆ ಇಂಗು ಹಾಕಿದಷ್ಟು. ಅಮೋನಿಯಾ ಸೇರಿಸುವ ಪದ್ಧತಿಯೂ ಇದೆ. ಅದು ಸಣ್ಣ ಕಣಗಳನ್ನು ಒಂದಕ್ಕೊಂದು ಅಂಟಿಸುತ್ತದೆ, ಕುಟ್ಟುವಾಗ ಬೂದಿ ಮತ್ತೆ ಹಾರುವುದು ತಗ್ಗುತ್ತದೆ. ಆದರೆ ಇಂಗು ಹೆಚ್ಚಾದರೆ ಸಾರು ಕೆಟ್ಟಂತೆ ಗಂಧಕ ಹೆಚ್ಚಾದರೆ ಆಮ್ಲದ ಮಂಜು ಚಿಮಣಿಯಿಂದಲೇ ಹೊರಡುತ್ತದೆ. ಚಿಕ್ಕದಾಗಿ ಕಟ್ಟಿದ ಹಳೆಯ ಇಎಸ್‌ಪಿಗೆ ಇದು ಊರುಗೋಲು ಎಂದೇ ನನ್ನ ಎಣಿಕೆ. ಜಾಗವೂ ಹಣವೂ ಇದ್ದಲ್ಲಿ ಫಲಕಗಳನ್ನು ಹೆಚ್ಚಿಸುವುದೇ ಮೇಲು.

ನಿಯಮದ ಸೋಜಿಗ ನೋಡಬೇಕಾದರೆ ವಿಜಯವಾಡದ ಪಕ್ಕದ ಇಬ್ರಾಹಿಂಪಟ್ಟಣಕ್ಕೆ ಹೋಗಬೇಕು. ಅಲ್ಲಿನ ನಾರ್ಲ ತಾತಾರಾವ್ ಕೇಂದ್ರದಲ್ಲಿ 1979ರಿಂದ 1995ರವರೆಗೆ ಬಂದ 210 ಮೆಗಾವ್ಯಾಟಿನ ಆರು ಘಟಕಗಳು, 2009ರ ಒಂದು 500, 2023ರ ಒಂದು 800. 2015ರ ಡಿಸೆಂಬರಿನ ಅಧಿಸೂಚನೆಯ ಪ್ರಕಾರ ಘನ ಮೀಟರ್ ಹೊಗೆಗೆ ಹಳೆಯವಕ್ಕೆ 100 ಮಿಲಿಗ್ರಾಂ ಬೂದಿ, 2009ರದಕ್ಕೆ 50, ಹೊಸದಕ್ಕೆ 30. ಒಂದೇ ಕಾಂಪೌಂಡು, ಮೂರು ಮಿತಿ. ಉಸಿರಾಡುವ ಊರು ಮಾತ್ರ ಒಂದೇ. ಸಿಂಹಾದ್ರಿಯಲ್ಲೂ 2002ರ ಎರಡು ಘಟಕಗಳಿಗೆ 100, ಆಮೇಲಿನ ಎರಡಕ್ಕೆ 50. ಆದ್ದರಿಂದ 'ಮಿತಿಯೊಳಗಿದೆ' ಎಂದು ಯಾರಾದರೂ ಹೇಳಿದರೆ ಯಾವ ಘಟಕ, ಯಾವ ಮಿತಿ ಎಂದು ಕೇಳಿ.

ಇನ್ನೊಂದು ಮಾತು, ಮನೆ ಕಟ್ಟಿಸುತ್ತಿರುವವರಿಗೆ. ಹಾರುಬೂದಿಗೆ ಸಿಮೆಂಟು, ನೀರು ಕಲಸುವಾಗ ಮೂಗಿಗೆ ಘಾಟು ಹೊಡೆದರೆ ಗಾಬರಿ ಬೇಡ. ಬೂದಿಗೆ ಅಂಟಿಕೊಂಡು ಬಂದ ಅಮೋನಿಯಾ ಸಿಮೆಂಟಿನ ಕ್ಷಾರ ತಗುಲಿ ಹೊರಬರುತ್ತಿರಬಹುದು. ಕಿಟಕಿ ತೆರೆದಿಟ್ಟು ಕೆಲಸ ಮಾಡಿಸಿ, ಬೂದಿ ಯಾವ ಕೇಂದ್ರದ್ದೆಂದು ಮೇಸ್ತ್ರಿಯನ್ನು ವಿಚಾರಿಸಿ.