ಒಂದು ಕೋಟಿ ಡಾಲರ್, ಎರಡು ಲಕ್ಷ ಮತ

ಬೆಳಗಾವಿ ಜಿಲ್ಲೆಯ ಚಿಕ್ಕೋಡಿಯಲ್ಲಿ ಹುಟ್ಟಿದ ಶ್ರೀ ಥಾಣೇದಾರ್ ಅಮೆರಿಕದ ಸಂಸತ್ತಿಗೆ ಆಯ್ಕೆಯಾದಾಗ ನಮ್ಮ ಪತ್ರಿಕೆಗಳು ‘ಬೆಳಗಾವಿ ಮೂಲದ’ ಎಂಬ ವಿಶೇಷಣ ಸೇರಿಸಿ ಸಂಭ್ರಮದಿಂದ ಸುದ್ದಿ ಮಾಡಿದವು. ಅದಕ್ಕೂ ನಾಲ್ಕು ವರ್ಷ ಮೊದಲು, 2018ರಲ್ಲಿ, ಅವರು ಮಿಷಿಗನ್ ರಾಜ್ಯದ ಗವರ್ನರ್ ಹುದ್ದೆಗೆ ಸ್ಪರ್ಧಿಸಿ ಸೋತಿದ್ದರು. ಆ ಸೋಲು ಇಲ್ಲಿ ಅಷ್ಟಾಗಿ ಚರ್ಚೆಯಾಗಲಿಲ್ಲ. ಗೆಲುವಿಗಿಂತ ಆ ಸೋಲೇ ಹೆಚ್ಚು ಯೋಚಿಸಬೇಕಾದ ಸಂಗತಿ ಎಂಬುದು ನನ್ನ ಅಭಿಪ್ರಾಯ. ಅಪರಿಚಿತನೊಬ್ಬ ದೊಡ್ಡ ಹುದ್ದೆ ಬಯಸಿದಾಗ ಪ್ರಜಾಪ್ರಭುತ್ವ ಅವನಿಗೆ ಯಾವ ಬಾಗಿಲು ತೆರೆಯುತ್ತದೆ, ಅದಕ್ಕೆ ಎಷ್ಟು ಬೆಲೆ ಕೇಳುತ್ತದೆ ಎಂಬುದನ್ನು ಆ ಚುನಾವಣೆ ಬಿಚ್ಚಿ ತೋರಿಸಿತು.

ಅಮೆರಿಕದ ಗವರ್ನರ್ ನಮ್ಮ ರಾಜ್ಯಪಾಲರ ಹಾಗೆ ನೇಮಕಗೊಂಡವರಲ್ಲ. ನಮ್ಮ ಮುಖ್ಯಮಂತ್ರಿಯ ಕೆಲಸವನ್ನು, ಇಡೀ ರಾಜ್ಯದ ಮತದಾರರಿಂದ ನೇರವಾಗಿ ಆಯ್ಕೆಯಾಗಿ, ಮಾಡುವವರು. ಅಲ್ಲಿ ಪಕ್ಷದ ಟಿಕೆಟ್ಟನ್ನು ಹೈಕಮಾಂಡ್ ಕೊಡುವುದಿಲ್ಲ, ಪ್ರಾಥಮಿಕ ಚುನಾವಣೆಯಲ್ಲಿ ಜನರೇ ಕೊಡುತ್ತಾರೆ. ಹಾಗಾಗಿ ಯಾವ ನಾಯಕರ ಬೆಂಬಲವೂ ಇಲ್ಲದವರು ಕೂಡ ನಿಗದಿತ ಸಂಖ್ಯೆಯ ಮತದಾರರ ಸಹಿ ಸಂಗ್ರಹಿಸಿ ಕಣಕ್ಕಿಳಿಯಬಹುದು. ಥಾಣೇದಾರ್ ಡೆಮಾಕ್ರಟಿಕ್ ಪಕ್ಷದ ಪ್ರಾಥಮಿಕ ಚುನಾವಣೆಗೆ ಇಳಿದಾಗ ಅವರು ಅದುವರೆಗೆ ಯಾವ ಚುನಾಯಿತ ಹುದ್ದೆಯನ್ನೂ ನೋಡಿದವರಲ್ಲ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಪದವೀಧರ, ಮುಂಬಯಿಯಲ್ಲಿ ಸ್ನಾತಕೋತ್ತರ ಓದು, 1979ರಲ್ಲಿ ಅಮೆರಿಕಕ್ಕೆ, ಅಲ್ಲಿ ಅಕ್ರಾನ್ ವಿಶ್ವವಿದ್ಯಾಲಯದಿಂದ ರಸಾಯನಶಾಸ್ತ್ರದಲ್ಲಿ ಡಾಕ್ಟರೇಟ್. ಬಡತನದಲ್ಲಿ ಬೆಳೆದು, ಸಣ್ಣ ಪ್ರಯೋಗಾಲಯವೊಂದನ್ನು ಕೊಂಡು ಬೆಳೆಸಿ, 2008ರ ಆರ್ಥಿಕ ಕುಸಿತದ ನಂತರ ಬಹುಪಾಲು ಕಳೆದುಕೊಂಡು, ಮತ್ತೆ ಆನ್ ಆರ್ಬರ್ ನಗರದಲ್ಲಿ ಹೊಸ ಪ್ರಯೋಗಾಲಯ ಕಟ್ಟಿ ಮಾರಿ ಶ್ರೀಮಂತರಾದವರು. ತಮ್ಮ ಈ ಬದುಕಿನ ಕಥೆಯನ್ನು ಮರಾಠಿಯಲ್ಲಿ ಪುಸ್ತಕವಾಗಿಯೂ ಬರೆದಿದ್ದಾರೆ. ಆದರೆ ಮಿಷಿಗನ್‌ನ ಮತದಾರರಲ್ಲಿ ಅವರ ಹೆಸರು ಕೇಳಿದ್ದವರು ತೀರಾ ಕಡಿಮೆ.

ಹೆಸರೇ ಗೊತ್ತಿಲ್ಲದಿದ್ದರೆ ಏನು ಮಾಡಬೇಕು? ಥಾಣೇದಾರ್ ಕಂಡುಕೊಂಡ ಉತ್ತರ ಟಿವಿ ಜಾಹೀರಾತು. ಫುಟ್‌ಬಾಲ್‌ನ ಮಹಾಪಂದ್ಯ ಸೂಪರ್ ಬೌಲ್ ನಡೆಯುವ ದಿನ ಇಡೀ ಅಮೆರಿಕ ಟಿವಿ ಮುಂದೆ ಕೂತಿರುತ್ತದೆ. 2018ರ ಆ ಪಂದ್ಯದ ಹೊತ್ತಿಗೆ, ಪ್ರಾಥಮಿಕ ಚುನಾವಣೆಗೆ ಇನ್ನೂ ಆರು ತಿಂಗಳು ಇರುವಾಗಲೇ, ಮಿಷಿಗನ್‌ನ ಪರದೆಗಳಲ್ಲಿ ಅವರ ಹೆಸರು ಮೊಳಗಿತು. ಉಳಿದವರು ದುಡ್ಡು ಕೂಡಿಸಿಟ್ಟು ಕಾಯುತ್ತಿದ್ದಾಗ ಇವರೊಬ್ಬರೇ ವಾರಗಟ್ಟಲೆ ಜಾಹೀರಾತು ಹರಿಸಿದರು. ಅದು ಫಲ ಕೊಟ್ಟಿತು ಕೂಡ. ಆ ವಸಂತದ ಕೆಲವು ಸಮೀಕ್ಷೆಗಳಲ್ಲಿ ಪಕ್ಷದ ಪ್ರಬಲ ಅಭ್ಯರ್ಥಿ ಗ್ರೆಚೆನ್ ವಿಟ್ಮರ್ ಅವರೊಂದಿಗೆ ಅವರು ಮುಂಚೂಣಿಯಲ್ಲಿ ಕಾಣಿಸಿಕೊಂಡರು. ವಿಟ್ಮರ್ ರಾಜ್ಯದ ಸೆನೆಟ್‌ನಲ್ಲಿ ತಮ್ಮ ಪಕ್ಷದ ನಾಯಕಿಯಾಗಿದ್ದವರು, ಕಾರು ಕಾರ್ಮಿಕರ ಬಲಿಷ್ಠ ಸಂಘದ ಬೆಂಬಲ ಇದ್ದವರು. ಅಂಥವರ ಪಕ್ಕ ಒಬ್ಬ ಹೊಸಬ ಕೆಲವೇ ತಿಂಗಳಲ್ಲಿ ಬಂದು ನಿಂತದ್ದು ಸಣ್ಣ ಮಾತಲ್ಲ.

ಆದರೆ ಈ ದಾರಿ ಮಿಷಿಗನ್‌ಗೆ ಹೊಸದಾಗಿರಲಿಲ್ಲ. ಎಂಟು ವರ್ಷ ಹಿಂದೆ, 2010ರಲ್ಲಿ, ರಿಕ್ ಸ್ನೈಡರ್ ಎಂಬ ಉದ್ಯಮಿ ಇದೇ ಕೆಲಸ ಮಾಡಿದ್ದರು. ಅವರೂ ಆನ್ ಆರ್ಬರ್‌ನವರು. ಅವರೂ ರಾಜಕೀಯಕ್ಕೆ ಹೊಸಬರು, ಸ್ವಂತ ಹಣ ಸುರಿದವರು, ಸೂಪರ್ ಬೌಲ್ ದಿನ ಜಾಹೀರಾತು ಕೊಟ್ಟವರು. ಪಕ್ಷ ಮಾತ್ರ ಬೇರೆ, ರಿಪಬ್ಲಿಕನ್. ಅವರು ಗೆದ್ದರು, ಎರಡು ಅವಧಿ ಆಳಿದರು. ಸರ್ಕಾರವನ್ನು ಕಂಪನಿಯ ಹಾಗೆ ನಡೆಸಬಲ್ಲೆ ಎಂದು ಬಂದವರ ಆಡಳಿತ ಏನಾಯಿತು ಎಂಬುದಕ್ಕೆ ಫ್ಲಿಂಟ್ ನಗರವೇ ಸಾಕ್ಷಿ. ಹಣಕಾಸು ಹದಗೆಟ್ಟ ನಗರಗಳ ಚುನಾಯಿತ ಮಂಡಳಿಗಳನ್ನು ಬದಿಗಿಟ್ಟು, ರಾಜ್ಯವೇ ನೇಮಿಸಿದ ತುರ್ತು ಆಡಳಿತಾಧಿಕಾರಿಗಳ ಕೈಗೆ ಅಧಿಕಾರ ಕೊಡುವ ಕಾನೂನನ್ನು ಸ್ನೈಡರ್ ಬಿಗಿಗೊಳಿಸಿದರು. 2012ರಲ್ಲಿ ಜನ ಮತ ಹಾಕಿ ಆ ಕಾನೂನನ್ನು ರದ್ದು ಮಾಡಿದರು. ಅದೇ ವರ್ಷದ ಡಿಸೆಂಬರ್‌ನಲ್ಲಿ ಅಂಥದೇ ಇನ್ನೊಂದು ಕಾನೂನು ಬಂತು, ಈ ಬಾರಿ ಜನಮತಕ್ಕೆ ಸಿಗದ ಹಾಗೆ. 2014ರ ಏಪ್ರಿಲ್‌ನಲ್ಲಿ, ಅಂಥ ಅಧಿಕಾರಿಯ ಕೈಯಲ್ಲಿದ್ದ ಫ್ಲಿಂಟ್ ನಗರಕ್ಕೆ ಖರ್ಚು ಉಳಿಸಲೆಂದು ಫ್ಲಿಂಟ್ ನದಿಯ ನೀರು ಹರಿಸಲಾಯಿತು. ಕೊಳವೆ ಸವೆಯದಂತೆ ತಡೆಯುವ ರಾಸಾಯನಿಕ ಬೆರೆಸಲಿಲ್ಲ. ಹಳೆಯ ಕೊಳವೆಗಳ ಸೀಸ ಕುಡಿಯುವ ನೀರಿಗೆ ಇಳಿಯಿತು, ಮಕ್ಕಳ ರಕ್ತಕ್ಕೆ ಸೇರಿತು. ಸುಮಾರು ಒಂದು ಲಕ್ಷ ಜನರಿದ್ದ ನಗರ ಅದು.

ಇದನ್ನು ಅನುಭವಿಸಿದ ರಾಜ್ಯದ ಮುಂದೆ ಇನ್ನೊಬ್ಬ ಉದ್ಯಮಿ, ತನ್ನ ವ್ಯಾಪಾರದ ಯಶಸ್ಸನ್ನೇ ಅರ್ಹತೆಯಾಗಿ ತೋರಿಸುತ್ತಾ ನಿಂತರು. ಥಾಣೇದಾರ್ ಹೇಳುತ್ತಿದ್ದ ಕಾರ್ಯಕ್ರಮಗಳು ಸ್ನೈಡರ್ ಅವರದಕ್ಕೆ ತದ್ವಿರುದ್ಧ: ಎಲ್ಲರಿಗೂ ಸರ್ಕಾರದ ಆರೋಗ್ಯ ವಿಮೆ, ಗಂಟೆಗೆ 15 ಡಾಲರ್ ಕನಿಷ್ಠ ಕೂಲಿ. ನನ್ನ ಮಟ್ಟಿಗೆ ಒಳ್ಳೆಯ ಕಾರ್ಯಕ್ರಮಗಳೇ. ಆದರೆ ಅವನ್ನು ಹೇಳುವ ವ್ಯಕ್ತಿ ನಿನ್ನೆಯವರೆಗೆ ಎಲ್ಲಿದ್ದರು ಎಂದು ಜನ ಕೇಳುವುದು ಸಹಜ. ಯಾವ ಪಕ್ಷದಿಂದ ನಿಂತರೆ ಅನುಕೂಲ ಎಂದು ಅವರು ಮೊದಲು ವಿಚಾರಿಸಿದ್ದರು ಎಂದು ಕೆಲವು ರಾಜಕೀಯ ಸಲಹೆಗಾರರು ಪತ್ರಕರ್ತರಿಗೆ ಹೇಳಿದರು. ಅವರು ಅಲ್ಲಗಳೆದರು. 2016ರಲ್ಲಿ ರಿಪಬ್ಲಿಕನ್ ಮಾರ್ಕೊ ರುಬಿಯೊ ಸಭೆಯಲ್ಲಿ ಕಾಣಿಸಿಕೊಂಡಿದ್ದರೆಂಬ ವರದಿಯೂ ಬಂತು. ಅವರ ಹಳೆಯ ಕಂಪನಿಯೊಂದನ್ನು ಬ್ಯಾಂಕು ವಶಪಡಿಸಿಕೊಂಡಾಗ ಅಲ್ಲಿ ಪ್ರಯೋಗಕ್ಕೆಂದು ಸಾಕಿದ್ದ ನೂರಕ್ಕೂ ಹೆಚ್ಚು ನಾಯಿಗಳು ಒಳಗೇ ಉಳಿದುಹೋದ ಪ್ರಸಂಗ ಮೇಲೆದ್ದಿತು. ಆಗ ಎಲ್ಲವೂ ಬ್ಯಾಂಕಿನ ಹಿಡಿತದಲ್ಲಿತ್ತು ಎಂಬುದು ಅವರ ಉತ್ತರ. ಈ ಆರೋಪಗಳಲ್ಲಿ ಎಷ್ಟು ಹುರುಳಿದೆ ಎಂದು ತೀರ್ಪು ಕೊಡುವುದು ನನ್ನ ಉದ್ದೇಶವಲ್ಲ. ವರ್ಷಗಟ್ಟಲೆ ಊರಿನ ಸಭೆಗಳಲ್ಲಿ, ಸಂಘಗಳಲ್ಲಿ ಕೆಲಸ ಮಾಡಿ ಬಂದ ಅಭ್ಯರ್ಥಿಯ ಮೇಲೆ ಇಂಥ ಮಾತು ಬಂದರೆ ಅವನನ್ನು ಬಲ್ಲ ನಾಲ್ಕು ಜನ ಎದ್ದು ನಿಂತು ಹೇಳುತ್ತಾರೆ. ಟಿವಿಯಿಂದ ನೇರವಾಗಿ ಬಂದವರ ಪರವಾಗಿ ಹಾಗೆ ಹೇಳುವವರು ಎಲ್ಲಿ ಸಿಗಬೇಕು?

ಆಗಸ್ಟ್ 7ರಂದು ಮತದಾನವಾಯಿತು. ವಿಟ್ಮರ್ ಶೇ 52, ಅಬ್ದುಲ್ ಎಲ್‌-ಸಯೀದ್ ಶೇ 30, ಥಾಣೇದಾರ್ ಶೇ 18ಕ್ಕೆ ತುಸು ಕಡಿಮೆ. ಒಂದು ಕೋಟಿ ಡಾಲರ್‌ಗೂ ಹೆಚ್ಚು ಸ್ವಂತ ಹಣ ಖರ್ಚಾಗಿತ್ತು, ಬಂದ ಮತ ಎರಡು ಲಕ್ಷದಷ್ಟು. ಒಂದೊಂದು ಮತಕ್ಕೆ ಸುಮಾರು 50 ಡಾಲರ್.

ಎರಡನೇ ಸ್ಥಾನದ ಎಲ್‌-ಸಯೀದ್ ಅವರನ್ನು ಇಲ್ಲಿ ಮರೆಯಬಾರದು. ಈಜಿಪ್ಟ್ ಮೂಲದ ಕುಟುಂಬದ ಮಗ, ಮೂವತ್ತಮೂರರ ಪ್ರಾಯದ ವೈದ್ಯ, ಡೆಟ್ರಾಯಿಟ್ ನಗರದ ಆರೋಗ್ಯ ಇಲಾಖೆಯ ಮುಖ್ಯಸ್ಥರಾಗಿ ಕೆಲಸ ಮಾಡಿದ್ದವರು. ಅವರೂ ಮೊದಲ ಬಾರಿ ಸ್ಪರ್ಧಿಸಿದವರೇ, ಅವರ ಹೆಸರೂ ಹೆಚ್ಚಿನ ಮತದಾರರಿಗೆ ಹೊಸದೇ. ಆದರೆ ಅವರು ಸಣ್ಣ ದೇಣಿಗೆ, ಕಾರ್ಯಕರ್ತರು, ಊರೂರ ಸಭೆಗಳನ್ನು ನಂಬಿ ಹೊರಟರು. ಸೆನೆಟರ್ ಬರ್ನಿ ಸ್ಯಾಂಡರ್ಸ್ ಬಂದು ಅವರ ಪರ ಪ್ರಚಾರ ಮಾಡಿದರು. ಅವರೂ ಸೋತರು ನಿಜ. ಆದರೂ ಥಾಣೇದಾರ್ ಅವರಿಗಿಂತ ಒಂದು ಲಕ್ಷಕ್ಕೂ ಹೆಚ್ಚು ಮತ ಪಡೆದರು. ಹೊಸಬ, ಹೊರಗಿನವನ ಹೆಸರು ಎಂಬ ಕಾರಣಕ್ಕೆ ಜನ ಥಾಣೇದಾರ್ ಅವರನ್ನು ತಳ್ಳಿದರು ಎಂದು ಹೇಳುವವರಿಗೆ ಈ ಅಂಕಿಯೇ ಉತ್ತರ.

ಹಾಗೆಂದು ಥಾಣೇದಾರ್‌ಗೆ ಮತ ಕೊಟ್ಟ ಎರಡು ಲಕ್ಷ ಜನ ಜಾಹೀರಾತಿಗೆ ಮರುಳಾದವರು ಎಂದು ತಳ್ಳಿಹಾಕಲು ನಾನು ಸಿದ್ಧನಿಲ್ಲ. ಅವರಿಗೆ ಗಟ್ಟಿ ಬೆಂಬಲ ಸಿಕ್ಕಿದ್ದು ಡೆಟ್ರಾಯಿಟ್‌ನಲ್ಲಿ. 1950ರಲ್ಲಿ 18 ಲಕ್ಷ ಜನರಿದ್ದ ಆ ನಗರದಲ್ಲಿ 2018ರ ಹೊತ್ತಿಗೆ 7 ಲಕ್ಷವೂ ಇರಲಿಲ್ಲ, ಇದ್ದವರಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ಆಫ್ರಿಕನ್ ಅಮೆರಿಕನ್ನರು. 2013ರಲ್ಲಿ ನಗರವೇ ದಿವಾಳಿ ಅರ್ಜಿ ಹಾಕಿತು. ಮರುವರ್ಷ ಬಿಲ್ಲು ಕಟ್ಟದ ಸಾವಿರಾರು ಮನೆಗಳ ನಲ್ಲಿ ನೀರು ನಿಲ್ಲಿಸಲಾಯಿತು. ಈ ಮತದಾರರು ಹೇಗೂ ನಮ್ಮವರೇ ಎಂದು ಡೆಮಾಕ್ರಟಿಕ್ ಪಕ್ಷ ದಶಕಗಳಿಂದ ಉದಾಸೀನ ಮಾಡಿತ್ತು. 2016ರಲ್ಲಿ ಟ್ರಂಪ್ ಮಿಷಿಗನ್ ಗೆದ್ದದ್ದು 11 ಸಾವಿರಕ್ಕಿಂತ ಕಡಿಮೆ ಮತದ ಅಂತರದಿಂದ. ಡೆಟ್ರಾಯಿಟ್‌ನಲ್ಲಿ ಮತಗಟ್ಟೆಗೆ ಬಾರದೆ ಉಳಿದವರು ಅದಕ್ಕಿಂತ ಎಷ್ಟೋ ಹೆಚ್ಚು. ಅಂಥ ಕಡೆ ಒಬ್ಬ ಮನುಷ್ಯ ತಿಂಗಳುಗಟ್ಟಲೆ ನಿಮ್ಮ ಮತ ಬೇಕು ಎಂದು ಕೇಳಿದ, ಅವರು ಕೊಟ್ಟರು. ಪಕ್ಷಕ್ಕೆ ಅದು ಅರ್ಥವಾಯಿತು ಎಂದು ಕಾಣುತ್ತದೆ. ಗೆದ್ದ ವಿಟ್ಮರ್ ಅದೇ ತಿಂಗಳು ಉಪ ಗವರ್ನರ್ ಅಭ್ಯರ್ಥಿಯಾಗಿ ಆರಿಸಿಕೊಂಡದ್ದು ಡೆಟ್ರಾಯಿಟ್‌ನ ಆಫ್ರಿಕನ್ ಅಮೆರಿಕನ್ ಯುವಕ ಗಾರ್ಲಿನ್ ಗಿಲ್‌ಕ್ರಿಸ್ಟ್ ಅವರನ್ನು. ನವೆಂಬರ್‌ನಲ್ಲಿ ಇಬ್ಬರೂ ಗೆದ್ದರು.

ನನಗೆ ಸಿಟ್ಟಿರುವುದು ಥಾಣೇದಾರ್ ಅವರ ಮೇಲಲ್ಲ, ಅವರಿಗೆ ಇದ್ದ ದಾರಿ ಅದೊಂದೇ ಎನ್ನಿಸುವಂತೆ ಮಾಡಿದ ವ್ಯವಸ್ಥೆಯ ಮೇಲೆ. ಅಭ್ಯರ್ಥಿ ತನ್ನ ಸ್ವಂತ ಹಣವನ್ನು ಎಷ್ಟು ಬೇಕಾದರೂ ಖರ್ಚು ಮಾಡಬಹುದು, ಅದಕ್ಕೆ ಮಿತಿ ಹೇರುವುದು ವಾಕ್ ಸ್ವಾತಂತ್ರ್ಯಕ್ಕೆ ವಿರುದ್ಧ ಎಂದು ಅಮೆರಿಕದ ಸುಪ್ರೀಂ ಕೋರ್ಟ್ 1976ರಲ್ಲಿ ತೀರ್ಪು ಕೊಟ್ಟಿತು. ಬೇರೆಯವರು ಕೊಡುವ ದೇಣಿಗೆಗೆ ಮಿತಿ ಇದೆ, ಸ್ವಂತ ಜೇಬಿಗೆ ಇಲ್ಲ. ಗವರ್ನರ್ ಅಭ್ಯರ್ಥಿಗಳಿಗೆ ಸರ್ಕಾರದ ನಿಧಿಯಿಂದ ನೆರವು ಕೊಡುವ ಒಳ್ಳೆಯ ಏರ್ಪಾಡು ಮಿಷಿಗನ್‌ನಲ್ಲಿ ಇದೆ. ಆದರೆ ಎದುರಾಳಿ ಸ್ವಂತ ಜೇಬಿನಿಂದ ಕೋಟಿ ಡಾಲರ್ ಸುರಿಯುವಾಗ ಆ ನೆರವಿಗೆ ಏನು ಬೆಲೆ? ಚಿಕ್ಕೋಡಿಯಿಂದ ಹೋದ ಥಾಣೇದಾರ್‌ಗೆ ಕೋಟಿ ಡಾಲರ್ ಇತ್ತು. ಅದೇ ಚಿಕ್ಕೋಡಿಯಿಂದ ಹೋಗಿ ಅಲ್ಲಿ ಶಾಲೆಯಲ್ಲಿ ಪಾಠ ಮಾಡುವ, ಆಸ್ಪತ್ರೆಯಲ್ಲಿ ದಾದಿಯಾಗಿರುವ ಹೆಂಗಸಿಗೆ ಇರುವುದಿಲ್ಲ. ಅವಳೂ ಅಪರಿಚಿತಳೇ. ಅವಳ ಹೆಸರು ಕಣದಲ್ಲಿ ನಮಗೆ ಕಾಣಿಸುವುದೇ ಇಲ್ಲ.

ಥಾಣೇದಾರ್ ಅಲ್ಲಿಗೇ ನಿಲ್ಲಲಿಲ್ಲ. ಡೆಟ್ರಾಯಿಟ್‌ಗೇ ಮನೆ ಬದಲಿಸಿ, 2020ರಲ್ಲಿ ರಾಜ್ಯದ ಕೆಳಮನೆಗೆ, 2022ರಲ್ಲಿ ಅಮೆರಿಕದ ಸಂಸತ್ತಿಗೆ ಗೆದ್ದರು. ಎರಡೂ ಬಾರಿ ಸ್ವಂತ ಹಣ ದೊಡ್ಡ ಪಾತ್ರ ವಹಿಸಿತು. 2022ರಲ್ಲಿ ಪ್ರಾಥಮಿಕ ಚುನಾವಣೆಯ ಕಣದಲ್ಲಿ ಹಲವರು ಹಂಚಿಹೋಗಿದ್ದರಿಂದ ಶೇ 30ಕ್ಕೂ ಕಡಿಮೆ ಮತ ಗೆಲುವಿಗೆ ಸಾಕಾಯಿತು. ಸುಮಾರು ಏಳು ದಶಕಗಳಲ್ಲಿ ಮೊದಲ ಬಾರಿಗೆ, 2023ರ ಜನವರಿಯಲ್ಲಿ, ಡೆಟ್ರಾಯಿಟ್ ನಗರಕ್ಕೆ ಸಂಸತ್ತಿನಲ್ಲಿ ಆಫ್ರಿಕನ್ ಅಮೆರಿಕನ್ ಪ್ರತಿನಿಧಿ ಇಲ್ಲದಂತಾಯಿತು. ‘ನಮ್ಮವರು’ ಗೆದ್ದರೆಂದು ಬೆಳಗಾವಿ ಹಿಗ್ಗಿದ ಆ ದಿನವೇ ಅಲ್ಲಿನ ಎಷ್ಟೋ ಮನೆಗಳಲ್ಲಿ ತಮ್ಮವರು ಯಾರೂ ಉಳಿಯಲಿಲ್ಲ ಎಂಬ ನೋವಿತ್ತು. ಆ ನೋವನ್ನೂ ನಾವು ತಿಳಿದಿರಬೇಕು.

ಡೆಟ್ರಾಯಿಟ್ ಸುತ್ತಿನ ಊರುಗಳಲ್ಲಿ ಕನ್ನಡಿಗರು ಸಾಕಷ್ಟಿದ್ದಾರೆ. ಪಂಪ ಕನ್ನಡ ಕೂಟ ಅಲ್ಲಿ ದಶಕಗಳಿಂದ ಕೆಲಸ ಮಾಡುತ್ತಿದೆ. ಅಲ್ಲಿ ಮತದ ಹಕ್ಕು ಪಡೆದವರಲ್ಲಿ ನನ್ನದೊಂದು ವಿನಂತಿ. ನವೆಂಬರ್ ಚುನಾವಣೆಯಷ್ಟೇ ಆಗಸ್ಟ್‌ನ ಪ್ರಾಥಮಿಕ ಚುನಾವಣೆಗೂ ಹೋಗಿ. ಊರಿನ ಹೆಸರು ಕೇಳಿ ಮತ ಕೊಡಬೇಡಿ. ನಿಮ್ಮ ಶಾಲಾ ಮಂಡಳಿಗೆ, ನಗರಸಭೆಗೆ ನಿಂತು ಸೋತ, ಆದರೂ ಕೆಲಸ ಬಿಡದ ಬಡ ಅಭ್ಯರ್ಥಿಯನ್ನು ಹುಡುಕಿ, ಅವರಿಗೆ ಹತ್ತು ಡಾಲರ್ ಕೊಡಿ, ಒಂದು ಶನಿವಾರ ಅವರ ಜೊತೆ ಮನೆಮನೆಗೆ ಹೋಗಿ ಬನ್ನಿ.