ತಾಲ್ಲೂಕಿನಲ್ಲಿ ದುಡಿದೇ ಪಡೆಯುವಂತಾಗಲಿ ಸಾರ್ವಜನಿಕ ಆರೋಗ್ಯ ಪದವಿ: ಸರ್ಕಾರಕ್ಕೊಂದು ಮನವಿ

ಇವರಿಗೆ,
ಸರ್ಕಾರದ ಪ್ರಧಾನ ಕಾರ್ಯದರ್ಶಿಗಳು,
ವೈದ್ಯಕೀಯ ಶಿಕ್ಷಣ ಇಲಾಖೆ ಹಾಗೂ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಇಲಾಖೆ,
ಕರ್ನಾಟಕ ಸರ್ಕಾರ, ಬೆಂಗಳೂರು.

ಇಂದ,
ರಾಜ್ಯದ ವಿವಿಧ ಸಂಸ್ಥೆಗಳ ಎಂಪಿಎಚ್ ವಿದ್ಯಾರ್ಥಿಗಳು, ಪದವೀಧರರು ಮತ್ತು ಆರೋಗ್ಯ ಇಲಾಖೆಯ ಕ್ಷೇತ್ರ ಸಿಬ್ಬಂದಿ.

ವಿಷಯ: ಸಾರ್ವಜನಿಕ ಆರೋಗ್ಯ ಸ್ನಾತಕೋತ್ತರ ಪದವಿಯ (ಎಂಪಿಎಚ್) ಪ್ರವೇಶ, ಕ್ಷೇತ್ರ ತರಬೇತಿ, ಪ್ರಬಂಧ ಮತ್ತು ನೇಮಕಾತಿ ಅರ್ಹತೆಯ ನಿಯಮಗಳನ್ನು ಪರಿಷ್ಕರಿಸುವ ಕುರಿತು.

ಮಾನ್ಯರೇ,

ನಮ್ಮ ದೇಶದಲ್ಲಿ ಎಂಪಿಎಚ್ ಎಂಬ ಪದವಿಗೆ ಇನ್ನೂ ಹೆಚ್ಚು ವಯಸ್ಸಾಗಿಲ್ಲ. ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯ ಅಚ್ಯುತ ಮೆನನ್ ಕೇಂದ್ರದಲ್ಲಿ ಅದು ಶುರುವಾದದ್ದು 1997ರಲ್ಲಿ. ಇಂದು ಕರ್ನಾಟಕದಲ್ಲೇ ಬೆಂಗಳೂರು, ಮಣಿಪಾಲ, ಮೈಸೂರು, ಬೆಳಗಾವಿಗಳಲ್ಲಿ ಈ ಕೋರ್ಸು ನಡೆಯುತ್ತಿದೆ. ಓದುವವರು ಹೆಚ್ಚಿದ್ದಾರೆ, ಕಲಿಸುವ ಸಂಸ್ಥೆಗಳೂ ಹೆಚ್ಚಿವೆ. ಆದರೆ ಈ ಪದವಿ ಪಡೆಯಲು ವಿದ್ಯಾರ್ಥಿ ಏನೇನು ಮಾಡಿರಬೇಕು, ಪಡೆದ ಮೇಲೆ ಸರ್ಕಾರ ಅದಕ್ಕೆ ಏನು ಬೆಲೆ ಕೊಡುತ್ತದೆ ಎಂಬ ಎರಡು ಪ್ರಶ್ನೆಗಳಿಗೆ ಒಂದೊಂದು ಕಡೆ ಒಂದೊಂದು ಉತ್ತರವಿದೆ. ಆ ಉತ್ತರ ಒಂದೇ ಆಗಬೇಕು, ಅದು ನಮ್ಮ ತಾಲ್ಲೂಕುಗಳ ಅಗತ್ಯದಿಂದ ಹುಟ್ಟಬೇಕು ಎಂಬುದೇ ಈ ಮನವಿಯ ಸಾರ.

ಈಗಿನ ಎರಡು ವರ್ಷ, ನಾಲ್ಕು ಸೆಮಿಸ್ಟರ್‌ಗಳ ಚೌಕಟ್ಟಿಗೆ ನಮ್ಮ ತಕರಾರಿಲ್ಲ. ಎಪಿಡೆಮಿಯಾಲಜಿ, ಬಯೋಸ್ಟಾಟಿಸ್ಟಿಕ್ಸ್, ಪರಿಸರ ಆರೋಗ್ಯ, ಆರೋಗ್ಯ ನೀತಿ ಮತ್ತು ನಿರ್ವಹಣೆ, ಸಮಾಜ ಮತ್ತು ವರ್ತನಾ ವಿಜ್ಞಾನ ಈ ಐದೂ ಬೇಕು. ಲೆಕ್ಕ ಬಾರದವರು ಈ ವೃತ್ತಿಗೆ ಬರಬಾರದು ಎಂಬಷ್ಟು ಕಟ್ಟುನಿಟ್ಟಾಗಿಯೇ ಬಯೋಸ್ಟಾಟಿಸ್ಟಿಕ್ಸ್ ಕಲಿಸಲಿ. ನಮ್ಮ ಅಸಮಾಧಾನವಿರುವುದು ಕ್ಷೇತ್ರ ತರಬೇತಿಯ ಬಗ್ಗೆ. ಎಷ್ಟೋ ಕಡೆ ಅದು ಕೆಲವು ವಾರಗಳ ಇಂಟರ್ನ್‌ಶಿಪ್ ಆಗಿ, ನಗರದ ಒಂದು ಕಚೇರಿಯಲ್ಲಿ ಕುಳಿತು ಬೇರೆಯವರು ಸಂಗ್ರಹಿಸಿದ ಅಂಕಿಅಂಶಗಳನ್ನು ಕಂಪ್ಯೂಟರಿಗೆ ತುಂಬುವುದರಲ್ಲಿ ಮುಗಿಯುತ್ತದೆ. ಹಾಜರಾತಿ ಪತ್ರಕ್ಕೆ ಸಹಿ ಬೀಳುತ್ತದೆ. ಒಂದು ಉಪಕೇಂದ್ರದ ಹೊಸ್ತಿಲು ತುಳಿಯದೆಯೇ ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಪದವೀಧರನಾಗುವುದು ಸಾಧ್ಯವಾಗಿದೆ.

ಈ ನಾಡಿನ ಮಣ್ಣಿನಲ್ಲಿ ಹುಟ್ಟಿದ ಸಾರ್ವಜನಿಕ ಆರೋಗ್ಯದ ಅರಿವು ಹಳ್ಳಿಯಲ್ಲಿ ನಡೆದಾಡಿದವರಿಂದ ಬಂದದ್ದು ಎಂಬುದನ್ನು ಇಲ್ಲಿ ನೆನಪಿಸಬಯಸುತ್ತೇವೆ. ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ 1959ರಲ್ಲಿ ಸ್ಥಾಪನೆಯಾಯಿತು. ಆ ಸಂಸ್ಥೆಯ ಡೆಬಾಬರ್ ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ತುಮಕೂರು ಜಿಲ್ಲೆಯ ಕ್ಷಯರೋಗಿಗಳನ್ನು ಮಾತನಾಡಿಸಿ 1963ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಹಳ್ಳಿಯ ಜನಕ್ಕೆ ಕಾಯಿಲೆಯ ಅರಿವಿಲ್ಲ, ಅವರು ಆಸ್ಪತ್ರೆಗೆ ಬರುವುದಿಲ್ಲ ಎಂದು ಎಲ್ಲರೂ ನಂಬಿದ್ದ ಕಾಲವದು. ಕಂಡುಬಂದದ್ದು ಬೇರೆಯೇ. ಅರ್ಧಕ್ಕಿಂತ ಹೆಚ್ಚು ರೋಗಿಗಳು ತಾವಾಗಿಯೇ ಆಸ್ಪತ್ರೆಗೆ ಹೋಗಿದ್ದರು, ಕೆಮ್ಮಿನ ಔಷಧಿಯ ಬಾಟಲಿ ಹಿಡಿದು ವಾಪಸು ಬಂದಿದ್ದರು. ತಪ್ಪು ಜನರದ್ದಲ್ಲ, ಆಸ್ಪತ್ರೆಯದ್ದು. ಸಾಮಾನ್ಯ ಆಸ್ಪತ್ರೆಗಳಲ್ಲೇ ಕಫ ಪರೀಕ್ಷೆ ಮಾಡಿ ಕ್ಷಯ ಪತ್ತೆಹಚ್ಚುವ ರಾಷ್ಟ್ರೀಯ ಕಾರ್ಯಕ್ರಮಕ್ಕೆ ಬಲ ಬಂದದ್ದು ಇಂಥ ಅಧ್ಯಯನಗಳಿಂದ. ಬಳ್ಳಾರಿಯ ಕಥೆಯೂ ಇದೇ. ನಿಮ್ಹಾನ್ಸ್ ಸಂಸ್ಥೆ 1980ರ ದಶಕದಲ್ಲಿ ಆ ಜಿಲ್ಲೆಯಲ್ಲಿ ಮಾಡಿ ನೋಡಿದ ಪ್ರಯೋಗವೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಇಷ್ಟು ದೊಡ್ಡ ಪರಂಪರೆಯಿರುವ ರಾಜ್ಯದ ವಿದ್ಯಾರ್ಥಿಗಳು ತುಮಕೂರು, ಬಳ್ಳಾರಿಗಳನ್ನು ಪಠ್ಯದಲ್ಲೂ ಕಾಣದೆ, ಕಾಲಿಟ್ಟೂ ನೋಡದೆ ಪದವಿ ಪಡೆಯುವುದು ನ್ಯಾಯವಲ್ಲ.

ಆದ್ದರಿಂದ ನಮ್ಮ ಮುಖ್ಯ ಬೇಡಿಕೆ ಇದು: ಒಂದು ಪೂರ್ಣ ಸೆಮಿಸ್ಟರನ್ನು ತಾಲ್ಲೂಕು ಆರೋಗ್ಯಾಧಿಕಾರಿಗಳ ಕಚೇರಿಯಲ್ಲಿ ನಿರಂತರವಾಗಿ ಕಳೆಯುವುದನ್ನು ಪದವಿಯ ಕಡ್ಡಾಯ ಅಗತ್ಯವಾಗಿಸಬೇಕು. ವಾರಗಳ ಲೆಕ್ಕ ಏಕೆ ಸಾಲದು ಎಂಬುದಕ್ಕೆ ಮಂಗನ ಕಾಯಿಲೆಯೇ ಸಾಕ್ಷಿ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಿಸಿದ ಈ ರೋಗ ಚಳಿಗಾಲದಿಂದ ಬೇಸಿಗೆಯವರೆಗೆ ಉಣ್ಣೆಗಳ ಮೂಲಕ ಹಬ್ಬುತ್ತದೆ. ಸತ್ತ ಮಂಗನ ಸುದ್ದಿ ಅರಣ್ಯ ಇಲಾಖೆಗೆ, ಅಲ್ಲಿಂದ ಪಶುವೈದ್ಯರಿಗೆ, ಪಂಚಾಯಿತಿಗೆ, ಆಶಾ ಕಾರ್ಯಕರ್ತೆಗೆ ಹೇಗೆ ತಲುಪುತ್ತದೆ, ಎಲ್ಲಿ ತಡವಾಗುತ್ತದೆ ಎಂಬುದು ಋತುವಿಡೀ ಜೊತೆಗಿದ್ದವರಿಗೆ ಮಾತ್ರ ತಿಳಿಯುತ್ತದೆ. ಮಳೆಗಾಲದ ಡೆಂಗಿ, ಬೇಸಿಗೆಯ ಕುಡಿಯುವ ನೀರಿನ ಕೊರತೆಯ ಹಿಂದೆ ಬರುವ ವಾಂತಿಭೇದಿ ಕೂಡ ಹೀಗೆಯೇ. ಮೇ ತಿಂಗಳ ಎರಡು ವಾರ ಮಾತ್ರ ಬಂದು ಹೋಗುವ ವಿದ್ಯಾರ್ಥಿಗೆ ಜುಲೈನ ತಾಲ್ಲೂಕು ಕಾಣುವುದೇ ಇಲ್ಲ.

ಆ ಸೆಮಿಸ್ಟರಿನಲ್ಲಿ ವಿದ್ಯಾರ್ಥಿ ನೋಡುಗನಾಗಿ ಉಳಿಯಬಾರದು. ರೋಗ ಸರ್ವೇಕ್ಷಣೆಯ ವರದಿಗಳನ್ನು ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿಗಳ ಜೊತೆ ಕುಳಿತು ತುಂಬಬೇಕು. ತಾಯಿ ಮರಣ ಪರಿಶೀಲನೆಯಲ್ಲಿ ಆ ಮನೆಯವರೆಗೂ ಹೋಗಬೇಕು. ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕಾಂಶ ಸಮಿತಿಯ ಸಭೆಯಲ್ಲಿ ಕೂರಬೇಕು. ಅಮೆರಿಕದಲ್ಲಿ ಎಂಪಿಎಚ್ ಕೋರ್ಸುಗಳಿಗೆ ಮಾನ್ಯತೆ ಕೊಡುವ ಸಿಇಪಿಎಚ್ ಮಂಡಳಿ, ಪದವಿಗೆ ಕನಿಷ್ಠ 42 ಸೆಮಿಸ್ಟರ್ ಕ್ರೆಡಿಟ್‌ಗಳ ಜೊತೆಗೆ, ತರಬೇತಿ ಪಡೆದ ಸಂಸ್ಥೆಗೆ ಉಪಯೋಗವಾಗುವಂಥ ಕನಿಷ್ಠ ಎರಡು ಕೆಲಸಗಳನ್ನು ವಿದ್ಯಾರ್ಥಿ ಮಾಡಿಕೊಟ್ಟಿರಬೇಕು ಎನ್ನುತ್ತದೆ. ಅಲ್ಲಿಯದನ್ನೆಲ್ಲ ಇಲ್ಲಿಗೆ ತರಬೇಕೆಂದು ನಾವು ಹೇಳುತ್ತಿಲ್ಲ. ಆ ಎರಡು ಕೆಲಸಗಳ ನಿಯಮ ಮಾತ್ರ ನಮಗೂ ಒಪ್ಪುತ್ತದೆ. ಮೌಲ್ಯಮಾಪನದಲ್ಲಿ ತಾಲ್ಲೂಕು ಆರೋಗ್ಯಾಧಿಕಾರಿಗಳಿಗೂ ಅಂಕ ನೀಡುವ ಅಧಿಕಾರವಿರಲಿ. ಈ ಅವಧಿಗೆ ಶಿಷ್ಯವೇತನ ಮತ್ತು ವಸತಿ ಇಲ್ಲದಿದ್ದರೆ ಬಡ ಮನೆಯ ವಿದ್ಯಾರ್ಥಿಗಳು, ಅದರಲ್ಲೂ ಹೆಣ್ಣುಮಕ್ಕಳು ಹಿಂದೆ ಸರಿಯುತ್ತಾರೆ. ವೈದ್ಯಕೀಯ ಸ್ನಾತಕೋತ್ತರ ವಿದ್ಯಾರ್ಥಿಗೆ ಸಿಗುವ ಶಿಷ್ಯವೇತನ ಇವರಿಗೆ ಏಕಿಲ್ಲ ಎಂದು ಕೇಳಲು ನಮಗೆ ಹಿಂಜರಿಕೆಯಿಲ್ಲ.

ನಿಯೋಜನೆಯ ಮೊದಲ ಆದ್ಯತೆ ಕಲ್ಯಾಣ ಕರ್ನಾಟಕದ ಜಿಲ್ಲೆಗಳಿಗೆ ಇರಲಿ. ಅವುಗಳಿಗೆ ವಿಶೇಷ ಸ್ಥಾನ ನೀಡುವ ಸಂವಿಧಾನದ 371ಜೆ ವಿಧಿ ಬಂದು ವರ್ಷಗಳಾದರೂ ತರಬೇತಿ ಪಡೆದ ಕೈಗಳು ಆ ಭಾಗಕ್ಕೆ ಸಾಲುತ್ತಿಲ್ಲ.

ಪ್ರಬಂಧದ ವಿಚಾರಕ್ಕೆ ಬಂದರೆ, ಅದನ್ನು ಕನ್ನಡದಲ್ಲಿ ಬರೆಯುವ ಅವಕಾಶ ನೀಡಬೇಕು. ಇಂಗ್ಲಿಷಿನಲ್ಲಿ ಬರೆಯಲು ಇಷ್ಟಪಡುವವರು ಬರೆಯಲಿ, ಆದರೆ ಅಧ್ಯಯನ ನಡೆದ ಗ್ರಾಮ ಪಂಚಾಯಿತಿಗೆ ನಾಲ್ಕಾರು ಪುಟಗಳ ಕನ್ನಡ ವರದಿ ಸಲ್ಲಿಸಿ, ಗ್ರಾಮಸಭೆಯಲ್ಲಿ ಅದನ್ನು ವಿವರಿಸಿದ ನಂತರವೇ ಪದವಿ ಪ್ರದಾನವಾಗಲಿ. ಆರೋಗ್ಯ ಮತ್ತು ನೈರ್ಮಲ್ಯ ಸಂವಿಧಾನದ 11ನೇ ಅನುಸೂಚಿಯಂತೆ ಪಂಚಾಯಿತಿಗಳ ವಿಷಯ. ತಮ್ಮ ಮಕ್ಕಳ ತೂಕ ಅಳೆದವರು ಏನು ಕಂಡುಕೊಂಡರು ಎಂದು ತಿಳಿಯುವ ಹಕ್ಕು ಹಳ್ಳಿಯ ತಾಯಂದಿರಿಗಿದೆ. ಜನರನ್ನು ಪ್ರಶ್ನಿಸುವ ಮೊದಲು ನೈತಿಕ ಸಮಿತಿಯ ಒಪ್ಪಿಗೆ ಬೇಕೆಂಬ ನಿಯಮವನ್ನು ನಾವು ಪೂರ್ಣವಾಗಿ ಬೆಂಬಲಿಸುತ್ತೇವೆ. ಆದರೆ ಒಪ್ಪಿಗೆ ಬರುವಷ್ಟರಲ್ಲಿ ಸೆಮಿಸ್ಟರೇ ಮುಗಿಯುವ ಸ್ಥಿತಿ ಇದೆ. ಸಮಿತಿಯ ತೀರ್ಮಾನಕ್ಕೆ ಕಾಲಮಿತಿ ನಿಗದಿಯಾಗಬೇಕು.

ಪ್ರವೇಶದ ಬಾಗಿಲು ವೈದ್ಯರಿಗೆ, ದಂತವೈದ್ಯರಿಗೆ, ಆಯುಷ್ ಪದವೀಧರರಿಗೆ ಇರುವಷ್ಟೇ ಅಗಲವಾಗಿ ಸಮಾಜಕಾರ್ಯ, ಅರ್ಥಶಾಸ್ತ್ರ, ಸಂಖ್ಯಾಶಾಸ್ತ್ರ, ನರ್ಸಿಂಗ್ ಪದವೀಧರರಿಗೂ ತೆರೆದಿರಲಿ. ಜೀವಶಾಸ್ತ್ರ ಓದದವರಿಗೆ ಅದರ, ಗಣಿತ ಬಿಟ್ಟವರಿಗೆ ಗಣಿತದ ಪೂರಕ ತರಗತಿ ಮೊದಲ ಸೆಮಿಸ್ಟರಿನಲ್ಲೇ ನಡೆಯಲಿ. ಇಲಾಖೆಯಲ್ಲಿ ವರ್ಷಗಟ್ಟಲೆ ದುಡಿದ ಪದವೀಧರ ಆರೋಗ್ಯ ನಿರೀಕ್ಷಣಾಧಿಕಾರಿಗಳಿಗೆ, ಸುರಕ್ಷಾಧಿಕಾರಿಗಳಿಗೆ, ಸಮುದಾಯ ಆರೋಗ್ಯ ಅಧಿಕಾರಿಗಳಿಗೆ ವೇತನಸಹಿತ ನಿಯೋಜನೆಯ ಮೇಲೆ ಓದಲು ಮೀಸಲು ಸೀಟುಗಳು ಬೇಕು. ಲಸಿಕೆ ಪೆಟ್ಟಿಗೆ ಹೊತ್ತು ಹಾಡಿ, ತಾಂಡಾಗಳಿಗೆ ನಡೆದವರ ಅನುಭವ ತರಗತಿಯಲ್ಲಿ ಕುಳಿತರೆ ಉಳಿದವರ ಕಲಿಕೆಯೂ ಬದಲಾಗುತ್ತದೆ.

ಕೊನೆಯದಾಗಿ, ಪದವಿ ಪಡೆದವರ ಪಾಡು. 2017ರ ರಾಷ್ಟ್ರೀಯ ಆರೋಗ್ಯ ನೀತಿ ಎಲ್ಲ ರಾಜ್ಯಗಳಲ್ಲೂ ಸಾರ್ವಜನಿಕ ಆರೋಗ್ಯ ನಿರ್ವಹಣಾ ವೃಂದ ರಚನೆಯಾಗಬೇಕೆಂದು ಹೇಳಿತು. ಅದಕ್ಕೆ ಕೇಂದ್ರ ಆರೋಗ್ಯ ಸಚಿವಾಲಯ 2022ರಲ್ಲಿ ಮಾರ್ಗಸೂಚಿಯನ್ನೂ ಹೊರಡಿಸಿತು. ನೆರೆಯ ತಮಿಳುನಾಡಿನಲ್ಲಿ 1939ರ ಸಾರ್ವಜನಿಕ ಆರೋಗ್ಯ ಕಾಯ್ದೆಯೂ, ಅದನ್ನು ನಡೆಸಲು ಪ್ರತ್ಯೇಕ ನಿರ್ದೇಶನಾಲಯವೂ ಇವೆ. ನಮ್ಮಲ್ಲಿ ವೈದ್ಯರಲ್ಲದ ಎಂಪಿಎಚ್ ಪದವೀಧರರಿಗೆ ಸಿಗುವುದು ಬಹುಪಾಲು ಗುತ್ತಿಗೆ ಕೆಲಸ, ವರ್ಷವರ್ಷ ನವೀಕರಣದ ಆತಂಕ. ಕೋವಿಡ್ ಕಾಲದಲ್ಲಿ ಸಂಪರ್ಕಿತರನ್ನು ಹುಡುಕಲು, ವಾರ್ ರೂಮುಗಳಲ್ಲಿ ಲೆಕ್ಕ ಇಡಲು ಬೇಕಾದವರು ಅಲೆ ಇಳಿದ ಮೇಲೆ ಬೇಡವಾದರು. ವೃಂದ ಮತ್ತು ನೇಮಕಾತಿ ನಿಯಮಗಳಿಗೆ ತಿದ್ದುಪಡಿ ತಂದು, ತಾಲ್ಲೂಕು ಮತ್ತು ಜಿಲ್ಲಾ ಮಟ್ಟದ ಸರ್ವೇಕ್ಷಣೆ, ಕಾರ್ಯಕ್ರಮ ನಿರ್ವಹಣೆ ಮತ್ತು ಆರೋಗ್ಯ ಶಿಕ್ಷಣದ ಹುದ್ದೆಗಳಿಗೆ ಎಂಪಿಎಚ್ ಅನ್ನು ನಿಗದಿತ ವಿದ್ಯಾರ್ಹತೆಯಾಗಿ ಸೇರಿಸಬೇಕು. ಪದವಿಯ ನಿಯಮಗಳನ್ನು ಬಿಗಿಗೊಳಿಸಿ ಎಂದು ಕೇಳುತ್ತಿರುವ ನಾವೇ ಇದನ್ನೂ ಕೇಳುತ್ತಿದ್ದೇವೆ. ಎರಡೂ ಒಟ್ಟಿಗೆ ಆಗದಿದ್ದರೆ ಒಂದರಿಂದಲೂ ಪ್ರಯೋಜನವಿಲ್ಲ.

ಈ ಬೇಡಿಕೆಗಳನ್ನು ಪರಿಶೀಲಿಸಲು ಎರಡೂ ಇಲಾಖೆಗಳು, ವಿಶ್ವವಿದ್ಯಾಲಯಗಳು, ತಾಲ್ಲೂಕು ಆರೋಗ್ಯಾಧಿಕಾರಿಗಳು ಹಾಗೂ ಕ್ಷೇತ್ರ ಸಿಬ್ಬಂದಿಯನ್ನು ಒಳಗೊಂಡ ಸಮಿತಿಯನ್ನು ರಚಿಸಿ, ಮುಂದಿನ ಶೈಕ್ಷಣಿಕ ಸಾಲಿನ ಪ್ರವೇಶ ಅಧಿಸೂಚನೆಗೆ ಮುನ್ನವೇ ಆದೇಶ ಹೊರಡಿಸಬೇಕೆಂದೂ, ನಮ್ಮ ಪ್ರತಿನಿಧಿಗಳಿಗೆ ಅಹವಾಲು ಹೇಳಿಕೊಳ್ಳಲು ಒಂದು ದಿನ ನಿಗದಿಪಡಿಸಬೇಕೆಂದೂ ತಮ್ಮಲ್ಲಿ ಕಳಕಳಿಯಿಂದ ಕೋರುತ್ತೇವೆ.



ತಮ್ಮ ವಿಶ್ವಾಸಿಗಳು,
ಎಂಪಿಎಚ್ ವಿದ್ಯಾರ್ಥಿಗಳು, ಪದವೀಧರರು ಮತ್ತು ಕ್ಷೇತ್ರ ಸಿಬ್ಬಂದಿ

ಸ್ಥಳ: ಬೆಂಗಳೂರು