ಸೇವೆಗೆ ಬರುವವರು ಕುಷ್ಟಗಿಗೆ ಯಾಕೆ ಬರುವುದಿಲ್ಲ?

ಭಾರತದ ಹಳ್ಳಿಯಲ್ಲಿ ಕೆಲವು ವಾರ ಸೇವೆ ಮಾಡಿ ಹೋಗಬೇಕೆಂದು ಹಂಬಲಿಸುವ ಯುರೋಪ್, ಅಮೆರಿಕದ ತರುಣ ತರುಣಿಯರಿಗೆ ಕೊಪ್ಪಳ ಜಿಲ್ಲೆಯ ಪರಿಚಯವಾಗುವುದು ಅದರ ಒಂದು ಅಂಚಿನಿಂದ ಮಾತ್ರ. ತುಂಗಭದ್ರೆಯ ಎಡದಂಡೆಯ ಆನೆಗೊಂದಿ, ಸಾಣಾಪುರ, ಮೊನ್ನೆ ಮೊನ್ನೆಯವರೆಗೆ ವಿರುಪಾಪುರಗಡ್ಡಿ, ಇವಿಷ್ಟೇ ಅವರು ಕಾಣುವ ಕೊಪ್ಪಳ. ಎದುರು ದಂಡೆಗೆ ಹಂಪಿ, ಸುತ್ತ ಗುಂಡುಕಲ್ಲಿನ ಬೆಟ್ಟ, ನಡುವೆ ಬತ್ತದ ಹಸಿರು. ಈ ಮೂರೂ ಊರು ಗಂಗಾವತಿ ತಾಲ್ಲೂಕಿನವು, ಕಾಲುವೆಯ ನೀರುಂಡ ನೆಲದವು. 1997ರಲ್ಲಿ ರಾಯಚೂರಿನಿಂದ ಬೇರ್ಪಟ್ಟು ಜಿಲ್ಲೆಯಾದಾಗ ಕೊಪ್ಪಳಕ್ಕಿದ್ದದ್ದು ನಾಲ್ಕು ತಾಲ್ಲೂಕು: ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ. ಐದು ವರ್ಷಗಳ ನಂತರ, 2002ರಲ್ಲಿ, ಡಿ.ಎಂ. ನಂಜುಂಡಪ್ಪ ಸಮಿತಿ ರಾಜ್ಯದ 39 ತಾಲ್ಲೂಕುಗಳನ್ನು ಅತ್ಯಂತ ಹಿಂದುಳಿದವೆಂದು ಗುರುತಿಸಿತು. ಆ ಪಟ್ಟಿಯಲ್ಲಿ ಕುಷ್ಟಗಿ ಇತ್ತು, ಯಲಬುರ್ಗಾ ಇತ್ತು, ಗಂಗಾವತಿ ಇರಲಿಲ್ಲ. ಅಂದರೆ ಜಿಲ್ಲೆಯಲ್ಲಿ ಕೊರತೆ ಇರುವುದು ಒಂದು ಕಡೆ, ಸೇವೆಗೆಂದು ಬಂದವರು ಇಳಿಯುವುದು ಇನ್ನೊಂದು ಕಡೆ. ವಿದೇಶಿ ಸ್ವಯಂಸೇವೆಯ ಲಾಭನಷ್ಟದ ಲೆಕ್ಕವನ್ನು ಇಲ್ಲಿಂದಲೇ ಶುರು ಮಾಡಬೇಕು. ಬರುವವರ ಒಳ್ಳೆಯತನದ ಬಗ್ಗೆ ನನಗೆ ಸಂಶಯವಿಲ್ಲ. ಎಲ್ಲಿ, ಯಾವಾಗ, ಯಾವ ಕೆಲಸ ಎಂಬುದನ್ನು ಅವರೇ ಆರಿಸಿಕೊಳ್ಳುವಂತೆ ಬಿಟ್ಟಿದ್ದೇವಲ್ಲ, ತಪ್ಪಿರುವುದು ಅದರಲ್ಲಿ. ಕೆಲಸವನ್ನು ಗೊತ್ತು ಮಾಡಬೇಕಾದವರು ಸೇವೆ ಪಡೆಯುವ ಊರಿನವರು.

ಬರುವವರು ಹಂಪಿಯ ಸುತ್ತಲೇ ಯಾಕೆ ಸುಳಿಯುತ್ತಾರೆ ಎಂಬುದರಲ್ಲಿ ಗುಟ್ಟೇನಿಲ್ಲ. ಹಂಪಿ 1986ರಿಂದ ವಿಶ್ವ ಪರಂಪರೆಯ ತಾಣ. ಉಳಿಯಲು ಕೋಣೆಯುಂಟು, ಇಂಗ್ಲಿಷ್ ಬಲ್ಲವರುಂಟು, ಹೊಸಪೇಟೆಯಲ್ಲಿ ಬಹಳ ಹಿಂದಿನಿಂದ ರೈಲುಂಟು. ಕುಷ್ಟಗಿಯ ಜನ ತಮ್ಮೂರಿನಲ್ಲಿ ರೈಲು ಕಂಡದ್ದು 2025ರ ಮೇ ತಿಂಗಳಲ್ಲಿ. ಕಾನೂನು ಕೂಡ ಪ್ರವಾಸಕ್ಕೆ ಅಂಟಿಕೊಂಡ ಸೇವೆಗೇ ದಾರಿ ಮಾಡಿಕೊಟ್ಟಿದೆ. ಪ್ರವಾಸಿ ವೀಸಾದಲ್ಲಿ ಬಂದವರು ಸಂಬಳವಿಲ್ಲದೆ ಹೆಚ್ಚೆಂದರೆ ಒಂದು ತಿಂಗಳು ಸ್ವಯಂಸೇವೆ ಮಾಡಬಹುದು. ಅದಕ್ಕೂ ಹೆಚ್ಚು ದಿನ ಸಂಸ್ಥೆಯೊಂದರಲ್ಲಿ ದುಡಿಯುವುದಾದರೆ ಉದ್ಯೋಗ ವೀಸಾ ಬೇಕು, ಅದರ ಕಾಗದಪತ್ರದ ಓಡಾಟ ಸಣ್ಣದಲ್ಲ. ಹಾಗಾಗಿ ಬಹುಪಾಲು ಸೇವೆ ರಜೆಯ ತುಂಡೊಂದರಲ್ಲಿ ಮುಗಿಯುತ್ತದೆ. ಹೀಗೆ ಪ್ರವಾಸಕ್ಕೆ ಅಂಟಿಕೊಂಡದ್ದರ ಗತಿ ಏನಾಗುತ್ತದೆಂಬುದಕ್ಕೆ ವಿರುಪಾಪುರಗಡ್ಡಿಯನ್ನು ನೋಡಿ. ಸುಪ್ರೀಂ ಕೋರ್ಟ್ 2020ರ ಫೆಬ್ರುವರಿಯಲ್ಲಿ ಅಲ್ಲಿನ ರೆಸಾರ್ಟ್‌ಗಳನ್ನು ಅಕ್ರಮವೆಂದು ಹೇಳಿತು, ಮಾರ್ಚ್‌ನಲ್ಲಿ ಅವು ನೆಲಕ್ಕುರುಳಿದವು. ಪ್ರವಾಸಿಯ ಬೆನ್ನು ಹತ್ತಿ ಬೆಳೆದ ಯಾವ ವ್ಯವಸ್ಥೆಯೂ, ಅದು ವ್ಯಾಪಾರವಿರಲಿ ಸೇವೆಯಿರಲಿ, ಎಷ್ಟು ಭದ್ರ ಎಂಬುದಕ್ಕೆ ಅದಕ್ಕಿಂತ ಹತ್ತಿರದ ಪುರಾವೆ ಬೇಡ.

ಒಂದು ತಿಂಗಳಲ್ಲಿ ಏನು ಮಾಡಬಹುದು? ಸಾಮಾನ್ಯವಾಗಿ ಸಿಗುವ ಕೆಲಸ ಮಕ್ಕಳಿಗೆ ಇಂಗ್ಲಿಷ್ ಕಲಿಸುವುದು. ಭಾಷೆ ಬಾರದವರು ಕಲಿಸಬಲ್ಲದ್ದು ಬಣ್ಣಗಳ ಹೆಸರು, ಹಣ್ಣುಗಳ ಹೆಸರು, ಮೈಕೈ ಮುಟ್ಟಿ ತೋರಿಸುತ್ತ ಹಾಡುವ ಶಿಶುಗೀತೆ. ಮಕ್ಕಳು ಖುಷಿಯಿಂದ ಕುಣಿಯುತ್ತಾರೆ, ಅದನ್ನು ಯಾರೂ ಅಲ್ಲಗಳೆಯುವಂತಿಲ್ಲ. ಮೂರು ವಾರಕ್ಕೆ ಆ ತರುಣಿ ಗೋವಾಕ್ಕೋ ಕೇರಳಕ್ಕೋ ಹೊರಡುತ್ತಾಳೆ. ಮುಂದಿನ ತಿಂಗಳು ಇನ್ನೊಬ್ಬ ಬರುತ್ತಾನೆ, ಹಿಂದಿನವಳು ಎಲ್ಲಿಗೆ ನಿಲ್ಲಿಸಿದಳೆಂದು ಅವನಿಗೆ ಹೇಳುವವರಿಲ್ಲ, ಮತ್ತೆ ಕೆಂಪು ಹಸಿರು ಹಳದಿಯಿಂದಲೇ ಪಾಠ ಶುರು. ಬಣ್ಣಗಳನ್ನು ವರ್ಷಕ್ಕೆ ನಾಲ್ಕು ಸಲ ಕಲಿತ ಮಗು ಭೂತಕಾಲದ ಒಂದು ವಾಕ್ಯವನ್ನೂ ಕಲಿಯದೆ ಏಳನೇ ತರಗತಿ ದಾಟುತ್ತದೆ. 2011ರ ಜನಗಣತಿಯಲ್ಲಿ ಕೊಪ್ಪಳ ಜಿಲ್ಲೆಯ ಸಾಕ್ಷರತೆ ಶೇ 68ರ ಆಸುಪಾಸಿನಲ್ಲಿತ್ತು. ರಾಜ್ಯದ ಸರಾಸರಿ ಶೇ 75 ದಾಟಿತ್ತು. ಈ ಅಂತರ ಕನ್ನಡ ಓದುವುದರಲ್ಲೇ ಇದೆ. ಅದನ್ನು ತುಂಬಬಲ್ಲವರು ಕಾಯಂ ಶಿಕ್ಷಕರು. ಅವರಿಲ್ಲದ ಕಡೆ ಅತಿಥಿ ಶಿಕ್ಷಕರು, ಅವರ ಗೌರವಧನ ತಿಂಗಳು ತಿಂಗಳು ಕೈಗೆ ಬಂದರೆ.

ಪುಕ್ಕಟೆ ಬಂದವರ ಬಗ್ಗೆ ತಕರಾರು ಯಾಕೆ, ಲಾಭವಾಗದಿದ್ದರೆ ಬೇಡ, ನಷ್ಟವಂತೂ ಇಲ್ಲವಲ್ಲ ಎನ್ನುವವರಿದ್ದಾರೆ. ನಷ್ಟವಿದೆ. ವಿದೇಶಿ ಅತಿಥಿಯನ್ನು ಇಳಿಸಿಕೊಂಡವರು 24 ಗಂಟೆಯೊಳಗೆ ಅವರ ವಿವರ ತುಂಬಿ ವಿದೇಶಿಯರ ನೋಂದಣಿ ಅಧಿಕಾರಿಗೆ ಸಲ್ಲಿಸಬೇಕು. ಅತಿಥಿಗೆ ಹೊಂದುವ ಊಟ, ಕುದಿಸಿದ ನೀರು, ಸೊಳ್ಳೆಪರದೆ, ಹೊಟ್ಟೆ ಕೆಟ್ಟರೆ ಗಂಗಾವತಿಗೆ ಕರೆದೊಯ್ಯಲು ಒಬ್ಬ ಮನುಷ್ಯ. ಎಲ್ಲಕ್ಕಿಂತ ದುಬಾರಿ ದುಭಾಷಿ. ಸಣ್ಣ ಸಂಸ್ಥೆಯಲ್ಲಿ ಇಂಗ್ಲಿಷ್ ಬಲ್ಲವರು ಒಬ್ಬರೋ ಇಬ್ಬರೋ ಇರುತ್ತಾರೆ. ಸ್ವಸಹಾಯ ಸಂಘದ ಲೆಕ್ಕ ನೋಡಬೇಕಾದ, ಹಳ್ಳಿಗೆ ಹೋಗಬೇಕಾದ ಆ ಕಾರ್ಯಕರ್ತೆಯೇ ಅತಿಥಿಯ ಹಿಂದೆ ಮುಂದೆ ಓಡಾಡುತ್ತಾಳೆ. ಇತ್ತ ಅತಿಥಿ ಮಧ್ಯವರ್ತಿ ಕಂಪನಿಗೆ ಶುಲ್ಕ ಕಟ್ಟಿ ಬಂದಿದ್ದರೆ, ಅದರಲ್ಲಿ ಹಳ್ಳಿಗೆ ಎಷ್ಟು ಇಳಿಯಿತೆಂಬುದು ಕೊಟ್ಟವರಿಗೂ ಗೊತ್ತಾಗುವುದಿಲ್ಲ, ಪಡೆದವರಿಗೂ ಗೊತ್ತಾಗುವುದಿಲ್ಲ.

ಇನ್ನೂ ದೊಡ್ಡ ನಷ್ಟ ಮಕ್ಕಳ ವಿಷಯದಲ್ಲಿ ಆಗುತ್ತದೆ, ಇದನ್ನು ಜಗತ್ತು ತಡವಾಗಿ ಒಪ್ಪಿಕೊಂಡಿದೆ. ಕಾಂಬೋಡಿಯಾದಲ್ಲಿ 2005ರಿಂದ 2010ರ ನಡುವೆ ಅನಾಥಾಲಯಗಳ ಸಂಖ್ಯೆ ಶೇ 75ರಷ್ಟು ಏರಿತು. ಯುನಿಸೆಫ್ ಲೆಕ್ಕದಂತೆ ಅಲ್ಲಿದ್ದ ನಾಲ್ಕರಲ್ಲಿ ಮೂರು ಮಕ್ಕಳಿಗೆ ತಾಯಿಯೋ ತಂದೆಯೋ ಬದುಕಿದ್ದರು. ಸ್ವಯಂಸೇವಕರೂ ದಾನಿಗಳೂ ಅನಾಥರನ್ನು ಕಾಣಲು ಬರತೊಡಗಿದ ಮೇಲೆ ಬಡವರ ಮಕ್ಕಳು ಅನಾಥರಾಗತೊಡಗಿದರು. 2019ರಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಅನಾಥಾಲಯದ ಪ್ರವಾಸೋದ್ಯಮದ ಅಪಾಯವನ್ನು ಹೆಸರಿಟ್ಟು ಹೇಳಿತು. ಕೊಪ್ಪಳ ಕಾಂಬೋಡಿಯಾ ಅಲ್ಲ, ನಿಜ. ಆದರೆ ಕುಷ್ಟಗಿ, ಯಲಬುರ್ಗಾದ ಒಣಬೇಸಾಯದ ಊರುಗಳಿಂದ ಸುಗ್ಗಿ ಮುಗಿದ ಮೇಲೆ ಮಂಗಳೂರು, ಗೋವಾ, ಬೆಂಗಳೂರಿಗೆ ಗುಳೆ ಹೋಗುವ ಮನೆಗಳ ಮಕ್ಕಳು ಅಜ್ಜಿಯ ಬಳಿ, ಇಲ್ಲವೇ ಹಾಸ್ಟೆಲಿನಲ್ಲಿ ಉಳಿಯುತ್ತಾರೆ. ಅಪ್ಪ ಅವ್ವ ವರ್ಷಕ್ಕೊಮ್ಮೆ ಕಣ್ಮರೆಯಾಗುವುದನ್ನು ಕಂಡ ಮಗುವಿನ ಮುಂದೆ, ತಿಂಗಳಿಗೊಬ್ಬ ಹೊಸ ಅಕ್ಕ, ಹೊಸ ಅಣ್ಣ ಬಂದು ಎತ್ತಿ ಆಡಿಸಿ, ಫೋಟೊ ತೆಗೆಸಿಕೊಂಡು ಮಾಯವಾಗುವುದು ಪ್ರೀತಿಯ ಹೆಸರಿನ ಕ್ರೌರ್ಯ. ನಮ್ಮ ಬಾಲ ನ್ಯಾಯ ಕಾಯ್ದೆ ಮಕ್ಕಳ ಪಾಲನಾ ಸಂಸ್ಥೆಗಳ ನೋಂದಣಿಯನ್ನು 2015ರಲ್ಲೇ ಕಡ್ಡಾಯ ಮಾಡಿದೆ. ಅಲ್ಪಾವಧಿ ಅತಿಥಿಗಳನ್ನು ಅಲ್ಲಿಂದ ದೂರವಿಡುವ ಧೈರ್ಯ ಮಾತ್ರ ಜಿಲ್ಲಾ ಮಟ್ಟದಲ್ಲಿ ಬರಬೇಕಿದೆ.

ಹಾಗಾದರೆ ಪರದೇಶದವರಿಂದ ಈ ನೆಲಕ್ಕೆ ಒಳ್ಳೆಯದೇ ಆಗಿಲ್ಲವೇ? ಆಗಿದೆ, ಧಾರಾಳವಾಗಿ ಆಗಿದೆ. ಅದು ಹೇಗಾಯಿತೆಂದು ನೋಡಿದರೆ ನನ್ನ ವಾದಕ್ಕೆ ಬಲವೇ ಸಿಗುತ್ತದೆ. ಆಸ್ಟ್ರೇಲಿಯಾದ ಜಾರ್ಜ್ ಮಿಶೆಲ್ ಮತ್ತು ಅಮೆರಿಕದ ಜಾನ್ ಫ್ರಿಟ್ಜ್ 1980ರಲ್ಲಿ ಶುರು ಮಾಡಿದ ವಿಜಯನಗರ ಸಂಶೋಧನಾ ಯೋಜನೆಗೆ ಎರಡು ದಶಕದುದ್ದಕ್ಕೂ ಚಳಿಗಾಲದಲ್ಲಿ ಹಲವು ದೇಶಗಳ ವಿದ್ಯಾರ್ಥಿಗಳು, ವಾಸ್ತುಶಿಲ್ಪಿಗಳು ಬಂದು ದುಡಿದರು. ದೊಡ್ಡ ಗುಡಿಗಳನ್ನು ಯಾರಾದರೂ ನೋಡಿಯಾರು. ಇವರು ಮುಳ್ಳುಕಂಟಿಯ ನಡುವೆ ಬಿದ್ದಿದ್ದ ಸಣ್ಣ ಮಂಟಪ, ಕಟ್ಟೆ, ಬಾವಿ, ಕಾಲುದಾರಿಯ ಮೆಟ್ಟಿಲುಗಳನ್ನು ಅಳೆದು ನಕ್ಷೆಗಿಳಿಸಿದರು. ಕೆಲಸ ನಡೆದದ್ದು ರಾಜ್ಯ ಪುರಾತತ್ವ ಇಲಾಖೆಯ ಜೊತೆಗೂಡಿ, ಅದರ ಫಲ ಅಚ್ಚಾದದ್ದೂ ಇಲಾಖೆಯ ಸಂಪುಟಗಳಲ್ಲಿ. ನದಿಯ ಈಚೆ ದಂಡೆಯಲ್ಲಿ, ಗಂಗಾವತಿ ತಾಲ್ಲೂಕಿನ ಕಡೇಬಾಗಿಲಿನಲ್ಲಿ, ಅಮೆರಿಕದ ಪುರಾತತ್ವಜ್ಞರಾದ ಕಾರ್ಲಾ ಸಿನೋಪೊಲಿ, ಕ್ಯಾಥ್ಲೀನ್ ಮಾರಿಸನ್ ಮತ್ತು ಸಂಗಡಿಗರು ನಡೆಸಿದ ಉತ್ಖನನ ಕಬ್ಬಿಣ ಯುಗದ ಜನಜೀವನವನ್ನು ಬಯಲಿಗೆ ತಂದಿತು. ಇವರಿಗೆ ಇಲ್ಲಿ ಸಿಗದ ಒಂದು ವಿದ್ಯೆ ಗೊತ್ತಿತ್ತು, ಮತ್ತೆ ಮತ್ತೆ ಬಂದರು, ಇಲಾಖೆಗೆ ಉತ್ತರದಾಯಿಗಳಾಗಿದ್ದರು, ಹೋಗುವಾಗ ನಮ್ಮ ಕೈಗೊಂದು ನಕ್ಷೆ, ಒಂದು ಪುಸ್ತಕ ಇಟ್ಟು ಹೋದರು. ಮಗ್ಗುಲ ಅನಂತಪುರದಲ್ಲಿ ಸ್ಪೇನಿನ ವಿಸೆಂತೆ ಫೆರರ್ 1969ರಲ್ಲಿ ನೆಲೆ ನಿಂತವರು 2009ರಲ್ಲಿ ಸಾಯುವವರೆಗೂ ಅಲ್ಲೇ ಇದ್ದರು. ಬರದ ನಾಡಿಗೆ ಬಂದು, ಬರದ ನಾಡಿನಲ್ಲೇ ಉಳಿದು ಕೆಲಸ ಮಾಡಿದ್ದರಿಂದ ಅಲ್ಲಿ ಆಸ್ಪತ್ರೆ, ಶಾಲೆ, ಮನೆ ಎದ್ದವು.

ಎಲ್ಲರೂ ಫೆರರ್ ಆಗಲಾರರು, ಹಾಗೆ ಕೇಳುವುದೂ ಅನ್ಯಾಯ. ಆದರೆ ಸಾಧಾರಣ ತರುಣರನ್ನು ಕಳಿಸುವುದರಲ್ಲೂ ಹದವಿದೆ. 1961ರಿಂದ 1976ರವರೆಗೆ ಭಾರತದಲ್ಲಿದ್ದ ಅಮೆರಿಕದ ಸ್ವಯಂಸೇವಕ ಪಡೆ ಪೀಸ್ ಕೋರ್, ಅಂದಿನ ಮೈಸೂರು ರಾಜ್ಯಕ್ಕೂ ತನ್ನ ತರುಣರನ್ನು ಕಳಿಸಿತ್ತು. ಬರುವ ಮುನ್ನ ಸ್ಥಳೀಯ ಭಾಷೆಯ ತರಬೇತಿ, ಬಂದ ಮೇಲೆ ಎರಡು ವರ್ಷದ ವಾಸ. ಅದರ ಹಿಂದೆ ಶೀತಲ ಸಮರದ ರಾಜಕೀಯವಿತ್ತು, ಕೋಳಿ ಸಾಕಣೆ ಕಲಿಸಲು ಬಂದ ಪದವೀಧರರಿಗೆ ಕೋಳಿಯ ಬಗ್ಗೆ ನಮ್ಮ ರೈತನಿಗಿಂತ ಹೆಚ್ಚೇನೂ ಗೊತ್ತಿರಲಿಲ್ಲ ಎಂಬ ಟೀಕೆಯೂ ಸಲ್ಲುತ್ತದೆ. ಆದರೂ ಎರಡು ವರ್ಷದ ಕನ್ನಡ ಸುಮ್ಮನೆ ಹೋಗುವುದಿಲ್ಲ. ಬ್ರಿಟನ್ನಿನ ಸ್ವಯಂಸೇವಾ ಸಂಸ್ಥೆ ವಿಎಸ್ಒ 1958ರಲ್ಲಿ ಶಾಲೆ ಮುಗಿಸಿದ ಹುಡುಗರನ್ನು ಕಳಿಸುತ್ತಿತ್ತು. ಆಮೇಲೆ ನುರಿತ ವೃತ್ತಿಪರರಿಗೆ ತಿರುಗಿತು. ಈಚೆಗೆ ಆಯಾ ದೇಶದ ಸ್ವಯಂಸೇವಕರನ್ನೇ ಹೆಚ್ಚು ನೆಚ್ಚಿದೆ. ಅರ್ಧ ಶತಮಾನ ಇದೇ ಕೆಲಸ ಮಾಡಿದವರು ಹಿಡಿದ ದಿಕ್ಕು ಇದು. ನಾವು ಅವರು ಬಿಟ್ಟುಬಂದ ಕಡೆಯಿಂದ ಯಾಕೆ ಶುರು ಮಾಡಬೇಕು?

ವಿದೇಶಿಯರ ಮೇಲಷ್ಟೇ ಈ ಸಿಟ್ಟೇಕೆ, ಬೆಂಗಳೂರಿನ ಕಂಪನಿಗಳ ನೌಕರರು ಶನಿವಾರ ಬಂದು ಶಾಲೆಯ ಗೋಡೆಗೆ ಬಣ್ಣ ಬಳಿದು ಹೋಗುವುದೂ ಇದೇ ಅಲ್ಲವೇ ಎಂದು ಕೇಳಬಹುದು. ಖಂಡಿತ ಇದೇ. ಅಳತೆಗೋಲು ಪಾಸ್‌ಪೋರ್ಟ್ ಅಲ್ಲ. ಬೇಸಿಗೆಯಲ್ಲಿ ತಾತನ ಊರಿಗೆಂದು ಬರುವ ಅನಿವಾಸಿ ಕನ್ನಡಿಗರ ಮಕ್ಕಳಿಗೂ ಅದೇ ಅಳತೆ. ಅವರಿಗೆ ಮುರುಕು ಕನ್ನಡವಾದರೂ ಬರುತ್ತದೆ ಎಂಬುದೊಂದು ಸಮಾಧಾನ. ಕೈದುಡಿಮೆಗೆ ಈ ಜಿಲ್ಲೆಗೆ ಹೊರಗಿನವರ ಹಂಗೇ ಇಲ್ಲ. ಜನವರಿಯಲ್ಲಿ ಕೊಪ್ಪಳದ ಗವಿಮಠದ ಜಾತ್ರೆಗೆ ಹಳ್ಳಿಹಳ್ಳಿಗಳಿಂದ ಟ್ರ್ಯಾಕ್ಟರಿನಲ್ಲಿ ಬರುವ ಜೋಳದ ರೊಟ್ಟಿಯ ರಾಶಿಯನ್ನು ನೋಡಿ. ಊರಿನ ಹೆಂಗಸರು ಸರದಿಯ ಮೇಲೆ ಬಡಿದು, ಒಣಗಿಸಿ, ಅಡುಕಿ ಕಳಿಸಿದ ರೊಟ್ಟಿ ಲಕ್ಷಗಳ ಲೆಕ್ಕದಲ್ಲಿ ದಾಸೋಹ ಸೇರುತ್ತದೆ. ಹಿಟ್ಟು ಹಾಕಲು, ಬಡಿಸಲು, ಎಲೆ ತೆಗೆಯಲು ಯಾರೂ ಸಂಬಳ ಕೇಳುವುದಿಲ್ಲ. 2019ರಲ್ಲಿ ಅದೇ ಮಠದ ಅಭಿನವ ಗವಿಸಿದ್ಧೇಶ್ವರ ಸ್ವಾಮೀಜಿ ಹಿರೇಹಳ್ಳಕ್ಕೆ ಇಳಿದಾಗ ಸುಮಾರು 26 ಕಿ.ಮೀ. ಉದ್ದದ ಹಳ್ಳದ ಕಸ, ಜಾಲಿಕಂಟಿ ತೆಗೆಯಲು ಜನವೇ ಬಂತು. ಕುಷ್ಟಗಿ ತಾಲ್ಲೂಕಿನ ನಿಡಶೇಸಿ ಕೆರೆಯ ಹೂಳೆತ್ತಲೂ ಜನರ ದುಡ್ಡು, ಜನರ ದುಡಿಮೆ ಕೂಡಿತು. ಇಂಥ ಜಿಲ್ಲೆಗೆ ಪಿಕಾಸಿ ಹಿಡಿಯಲು ವಿಮಾನದಲ್ಲಿ ಯಾರೂ ಬರಬೇಕಾಗಿಲ್ಲ.

ಬೇಕಾದದ್ದು ಬೇರೆಯಿದೆ. ಸೆರೆಬ್ರಲ್ ಪಾಲ್ಸಿ ಇರುವ ಮಗುವಿನ ಕೈಕಾಲು ಪಳಗಿಸುವ ಚಿಕಿತ್ಸಕರು, ಮಾತು ಬಾರದ ಮಕ್ಕಳಿಗೆ ಮಾತು ಕಲಿಸಬಲ್ಲವರು ಯಲಬುರ್ಗಾದಂಥ ಊರಿನಲ್ಲಿ ಸಿಗುವುದು ಕಷ್ಟ. ಜಿಲ್ಲೆಯ ಹಳ್ಳಿಗಳಲ್ಲಿ ಅಂಗವಿಕಲರ ಪುನರ್ವಸತಿಗೆ ವರ್ಷಗಟ್ಟಲೆ ದುಡಿದ ‘ಸಮೂಹ’ದಂಥ ಸಂಸ್ಥೆಗಳು ತೋರಿಸಿಕೊಟ್ಟ ದಾರಿಯೆಂದರೆ ಊರಿನವರನ್ನೇ ತರಬೇತುಗೊಳಿಸುವುದು. ನುರಿತ ವಿದೇಶಿ ತಜ್ಞೆಯೊಬ್ಬಳು ಮಗುವಿಗೆ ನೇರ ಚಿಕಿತ್ಸೆ ಕೊಟ್ಟರೆ ಅವಳ ಜೊತೆ ಅದೂ ಹೋಗುತ್ತದೆ. ಹತ್ತು ಕಾರ್ಯಕರ್ತೆಯರಿಗೆ ಕಲಿಸಿದರೆ ಇಲ್ಲಿಯೇ ಉಳಿಯುತ್ತದೆ. 1997ರಿಂದ ಆನೆಗೊಂದಿಯಲ್ಲಿರುವ ಕಿಷ್ಕಿಂಧಾ ಟ್ರಸ್ಟ್‌ನ ಆಶ್ರಯದಲ್ಲಿ ಬಾಳೆ ನಾರಿನ ಬುಟ್ಟಿ ಹೆಣೆಯುವ ಹೆಂಗಸರಿಗೂ ಹೊರಗಿನವರು ಬಂದು ಬುಟ್ಟಿ ಹೆಣೆದು ಕೊಡಬೇಕಿಲ್ಲ, ದೂರದ ಪೇಟೆಯಲ್ಲಿ ಎಂಥದ್ದು ಓಡುತ್ತದೆಂದು ಹೇಳಬಲ್ಲವರು ಬೇಕು. ಕಿನ್ನಾಳದ ಗೊಂಬೆ ಕಲಾವಿದರಿಗೂ ಅಷ್ಟೇ.

ಷರತ್ತು ಬಿಗಿಯಾದರೆ ಯಾರೂ ಬರುವುದಿಲ್ಲ, ಅವರ ಬೆನ್ನಿಗೆ ಬರುವ ದೇಣಿಗೆಯೂ ನಿಲ್ಲುತ್ತದೆ ಎಂಬ ಆತಂಕ ಸಂಸ್ಥೆಗಳಿಗಿದೆ. ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಗೆ 2020ರಲ್ಲಿ ಆದ ತಿದ್ದುಪಡಿ ಆಡಳಿತ ವೆಚ್ಚದ ಮಿತಿಯನ್ನು ಶೇ 50ರಿಂದ 20ಕ್ಕೆ ಇಳಿಸಿತು. ಒಂದು ಸಂಸ್ಥೆ ಇನ್ನೊಂದಕ್ಕೆ ಹಣ ದಾಟಿಸುವುದನ್ನೂ ನಿಲ್ಲಿಸಿತು. ಸಣ್ಣ ಸಂಸ್ಥೆಗಳ ಕೊರಳು ಬಿಗಿದಿರುವುದು ಸುಳ್ಳಲ್ಲ. ಆದರೆ ಅತಿಥಿಗಳ ಉಪಚಾರದ ಖರ್ಚು ಕೂಡ ಸಂಸ್ಥೆಯ ತಲೆಯ ಮೇಲೆಯೇ ಬೀಳುತ್ತದೆ. ಸಾಲುಸಾಲು ಸಂದರ್ಶಕರಿಗಿಂತ ಆರು ತಿಂಗಳು ನಿಲ್ಲುವ ಒಬ್ಬ ತಜ್ಞ ಅಗ್ಗ. ಬರುವವರ ಸಂಖ್ಯೆ ಕಡಿಮೆಯಾದರೆ ಆಗಲಿ.

ಕೊಪ್ಪಳ ಜಿಲ್ಲಾ ಪಂಚಾಯಿತಿ ಈ ವರ್ಷವೇ ಮಾಡಬಹುದಾದ ಕೆಲಸವೊಂದಿದೆ. ಕುಷ್ಟಗಿ, ಯಲಬುರ್ಗಾ, ಕೊಪ್ಪಳ, ಗಂಗಾವತಿ, ಜೊತೆಗೆ ಆಮೇಲೆ ಹುಟ್ಟಿದ ಕುಕನೂರು, ಕನಕಗಿರಿ, ಕಾರಟಗಿ ತಾಲ್ಲೂಕುಗಳ ಗ್ರಾಮ ಪಂಚಾಯಿತಿಗಳು, ಶಾಲೆಗಳು, ಆಸ್ಪತ್ರೆಗಳಿಂದ ತಮಗೆ ಯಾವ ಪರಿಣತಿ, ಎಷ್ಟು ತಿಂಗಳು ಬೇಕೆಂದು ಬರೆಸಿ ತರಿಸಿಕೊಳ್ಳಲಿ. ಆ ಪಟ್ಟಿಯಲ್ಲಿರುವ ಕೆಲಸಕ್ಕೆ ಒಪ್ಪಿ ಬರುವವರಿಗೆ ಉದ್ಯೋಗ ವೀಸಾದ ಕಾಗದಪತ್ರದಲ್ಲಿ ನೆರವಾಗಲಿ. ಮಕ್ಕಳ ಪಾಲನಾ ಸಂಸ್ಥೆಗಳಿಗೆ ಅಲ್ಪಾವಧಿ ಸ್ವಯಂಸೇವಕರ ಪ್ರವೇಶವನ್ನು, ದೇಶಿ ವಿದೇಶಿ ಭೇದವಿಲ್ಲದೆ, ನಿಲ್ಲಿಸಲಿ. ಚಳಿಗಾಲದ ಪ್ರವಾಸಿ ಹಂಗಾಮು ಅಕ್ಟೋಬರಿನಲ್ಲಿ ಶುರುವಾಗುತ್ತದೆ. ಪಟ್ಟಿ ಅದಕ್ಕೆ ಮುಂಚೆ ಸಿದ್ಧವಾಗಬೇಕು.